ಕಾರವಾನ್‌ನಲ್ಲಿ ಸಹ್ಯಾದ್ರಿ: ಮನೆಮಂದಿಯೆಲ್ಲ ಹೊರಡುವುದು ಹೇಗೆ?

ಪುಣೆ, ಮುಂಬೈಗಳ ಕನ್ನಡಿಗರ ಮನೆಗಳಲ್ಲಿ ಪ್ರವಾಸದ ಮಾತು ಬಂದರೆ ಒಬ್ಬರು ಮಾತ್ರ ಹಿಂದೆ ಉಳಿಯುತ್ತಾರೆ. ‘ನೀವು ಹೋಗಿ ಬರ್ರಿ, ನಾ ಮನಿ ಕಾಯ್ತೀನಿ’ ಎನ್ನುವ ಅಜ್ಜಿಗೆ ಬೆಟ್ಟ ಬೇಡವಾಗಿರುವುದಿಲ್ಲ. ಮಂಡಿ ಮಡಚಿ ಕೂರಲಾಗದ ಶೌಚಾಲಯ, ಹೊತ್ತಿಗೆ ಸರಿಯಾಗಿ ಸಿಗದ ಊಟ, ಮಧ್ಯಾಹ್ನ ಅರ್ಧ ಗಂಟೆ ಕಾಲು ಚಾಚಲು ಜಾಗವಿಲ್ಲದಿರುವುದು ಅವರನ್ನು ಅಂಜಿಸುತ್ತವೆ. ಹಾಸಿಗೆ, ಶೌಚಾಲಯ, ಒಲೆ ಎಲ್ಲವೂ ಗಾಡಿಯೊಳಗೇ ಇರುವ ಕಾರವಾನ್ ಈ ಮೂರೂ ಅಡ್ಡಿಗಳನ್ನು ನಿವಾರಿಸುತ್ತದೆ. ಮಹಾರಾಷ್ಟ್ರ ಸರ್ಕಾರ 2021ರಲ್ಲಿ ಕಾರವಾನ್ ಪ್ರವಾಸೋದ್ಯಮಕ್ಕೆಂದೇ ನೀತಿ ತಂದಿತು. ಈಗ ಎರಡೂ ನಗರಗಳಲ್ಲಿ ಇಂಥ ಗಾಡಿ ಬಾಡಿಗೆಗೆ ಸಿಗುತ್ತದೆ. ಆದರೆ ಕಾರಿನ ಪ್ರವಾಸಕ್ಕೆ ಹೊರಟಂತೆ ಇದಕ್ಕೆ ಹೊರಡಲಾಗದು. ಲೆಕ್ಕಾಚಾರವೇ ಬೇರೆ.

ಮೊದಲು ರಾತ್ರಿ ನಿಲ್ಲುವ ಜಾಗ, ಆಮೇಲೆ ದಾರಿ

ಹೆಚ್ಚಿನವರು ನೋಡಬೇಕಾದ ಊರುಗಳ ಪಟ್ಟಿ ಹಿಡಿದು ಕೂರುತ್ತಾರೆ. ಕಾರವಾನ್ ವಿಷಯದಲ್ಲಿ ಪಟ್ಟಿ ತಿರುವುಮುರುವಾಗಬೇಕು. ಗಾಡಿ ಪ್ರತಿ ರಾತ್ರಿ ಎಲ್ಲಿ ನಿಲ್ಲುತ್ತದೆ ಎನ್ನುವುದು ಖಾತ್ರಿಯಾಗುವವರೆಗೆ ಮುಂಗಡ ಕೊಡಬೇಡಿ. ‘ಎಲ್ಲಿ ಬೇಕಾದರೂ ನಿಲ್ಲಿಸಬಹುದು’ ಎಂಬ ಜಾಹೀರಾತಿನ ಮಾತನ್ನು ನಂಬಿ ಹೊರಟರೆ ರಾತ್ರಿ ಹತ್ತಕ್ಕೆ ಹೆದ್ದಾರಿ ಬದಿಯ ಧಾಬಾದ ಮುಂದೆ, ಲಾರಿಗಳ ನಡುವೆ ಮಲಗಬೇಕಾದೀತು. ಮಕ್ಕಳು, ಮುದುಕರು ಇರುವ ಕುಟುಂಬಕ್ಕೆ ಅದು ತಕ್ಕುದಲ್ಲ. ಅರಣ್ಯದ ಜಾಗದಲ್ಲಂತೂ ರಾತ್ರಿ ತಂಗುವ ಯೋಚನೆಯೇ ಬೇಡ.

ಕೃಷಿ ಪ್ರವಾಸದ ತೋಟಗಳು, ಅಂಗಳ ದೊಡ್ಡದಿರುವ ಹೋಟೆಲು, ರೆಸಾರ್ಟುಗಳು ಇದಕ್ಕೆ ಅನುಕೂಲ. ರಾಜ್ಯ ಪ್ರವಾಸೋದ್ಯಮ ನಿಗಮದ ರೆಸಾರ್ಟುಗಳು ಕಾರ್ಲಾ, ಮಹಾಬಳೇಶ್ವರಗಳಲ್ಲಿವೆ. ಅಲ್ಲೂ ವಿಚಾರಿಸಿ. ಫೋನ್ ಮಾಡಿದಾಗ ‘ಪಾರ್ಕಿಂಗ್ ಇದೆಯಾ’ ಎಂದಷ್ಟೇ ಕೇಳಿದರೆ ‘ಇದೆ’ ಎಂಬ ಉತ್ತರ ಬರುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ. ಬಿಡಿಸಿ ಕೇಳಿ. ಆರೇಳು ಮೀಟರ್ ಉದ್ದದ, ಸುಮಾರು ಮೂರು ಮೀಟರ್ ಎತ್ತರದ ಗಾಡಿ ಗೇಟಿನ ಕಮಾನಿನ ಕೆಳಗೆ ಹೋಗುತ್ತದೆಯೇ? ನೆಲ ಸಮತಟ್ಟಾಗಿದೆಯೇ? 16 ಆಂಪಿಯರ್ ಸಾಕೆಟ್ ಸಿಗುತ್ತದೆಯೇ, ಅದಕ್ಕೆ ಅರ್ಥಿಂಗ್ ಇದೆಯೇ? ನೀರು ತುಂಬಿಸಲು ನಲ್ಲಿ? ಟಾಯ್ಲೆಟ್ ಟ್ಯಾಂಕ್ ಖಾಲಿ ಮಾಡಲು ಅವರ ಶೌಚಾಲಯ ಬಳಸಬಹುದೇ? ಕೊನೆಯ ಪ್ರಶ್ನೆ ಕೇಳಲು ಸಂಕೋಚಪಡಬೇಡಿ.

ಎಷ್ಟು ದೂರ, ಯಾವ ದಾರಿ

ಘಾಟ್‌ನಲ್ಲಿ ಗಂಟೆಗೆ ಮೂವತ್ತು ಕಿಲೋಮೀಟರ್ ಸರಾಸರಿ ಎಂದು ಹಿಡಿಯಿರಿ. ಗಾಡಿ ಓಡುವ ಹೊತ್ತು ದಿನಕ್ಕೆ ನಾಲ್ಕು ಗಂಟೆ ಮೀರದಿರಲಿ. ಸಂಜೆ ಐದಕ್ಕೆ ಚಕ್ರ ನಿಲ್ಲಬೇಕು. ಕತ್ತಲಲ್ಲಿ ಸಹ್ಯಾದ್ರಿಯ ತಿರುವುಗಳಲ್ಲಿ ಮಂಜು ಇಳಿಯುತ್ತದೆ, ರಾಧಾನಗರಿ, ಅಂಬೋಲಿ ಕಡೆ ಕಾಟಿಗಳು ರಸ್ತೆಗೆ ಬರುತ್ತವೆ.

ಮೊದಲ ಸಲ ಹೊರಡುವವರಿಗೆ ನಾನು ಹೇಳುವ ದಾರಿ ವಾಯಿ, ಪಂಚಗಣಿ, ಮಹಾಬಳೇಶ್ವರ, ಸಾತಾರಾ. ಪುಣೆಯಿಂದ ಕಾತ್ರಜ್ ಸುರಂಗ, ಖಂಬಾಟ್ಕಿ ಘಾಟ್ ದಾಟಿ ಸುರೂರ್ ಬಳಿ ಹೆದ್ದಾರಿ ಬಿಟ್ಟರೆ ವಾಯಿ. ಮಹಾಬಳೇಶ್ವರದವರೆಗೆ ಒಟ್ಟು ಸುಮಾರು 120 ಕಿಲೋಮೀಟರ್. ಕಾರಿನವರು ಮೂರು ಗಂಟೆಯಲ್ಲಿ ತಲುಪುತ್ತಾರೆ, ನೀವು ಎರಡು ದಿನ ಇಟ್ಟುಕೊಳ್ಳಿ. ಮೊದಲ ರಾತ್ರಿ ವಾಯಿಯ ಆಸುಪಾಸಿನಲ್ಲಿ ತಂಗಿದರೆ ಗಾಡಿಯ ಸ್ವಿಚ್ಚು, ನಲ್ಲಿ, ಹಾಸಿಗೆ ಎಲ್ಲ ಕೈಗೆ ಒಗ್ಗುತ್ತವೆ, ಏನಾದರೂ ಕೆಟ್ಟರೆ ಪುಣೆ ಹತ್ತಿರದಲ್ಲೇ ಇರುತ್ತದೆ. ಮುಂಬೈಯವರು ಬೋರ್ ಘಾಟ್ ಹತ್ತಿದ ಮೇಲೆ ಕಾರ್ಲಾ ಕಡೆ ಒಂದು ರಾತ್ರಿ ಹೆಚ್ಚಿಗೆ ಸೇರಿಸಿಕೊಂಡರೆ ಒಳ್ಳೆಯದು.

ಬೆಳಿಗ್ಗೆ ವಾಯಿಯಿಂದ ಪಸರಣಿ ಘಾಟ್ ಹತ್ತಿ. ಎಡಗಡೆ ಅಲ್ಲ, ಬಲಗಡೆ ಅಲ್ಲ, ತಿರುವು ತಿರುವಿಗೂ ಕಣಿವೆ ಬದಿ ಬದಲಿಸುತ್ತದೆ. ಕೆಳಗೆ ಕೃಷ್ಣಾ ಕಣಿವೆ, ಧೋಮ್ ಅಣೆಕಟ್ಟಿನ ಹಿನ್ನೀರು. ಪಂಚಗಣಿಯಿಂದ ಮುಂದೆ ದಾರಿಯಿಂದ ತುಸು ಒಳಗೆ ಭಿಲಾರ್ ಎಂಬ ಸ್ಟ್ರಾಬೆರಿ ಬೆಳೆಯುವ ಹಳ್ಳಿ ಇದೆ. 2017ರಿಂದ ಅದು ಪುಸ್ತಕಗಳ ಊರೂ ಹೌದು. ಹಲವು ಮನೆಗಳ ಪಡಸಾಲೆಯಲ್ಲಿ ಮರಾಠಿ ಪುಸ್ತಕಗಳ ಕಪಾಟು, ಯಾರು ಬೇಕಾದರೂ ಕೂತು ಓದಬಹುದು. ಶಾಲೆಯಲ್ಲಿ ಮರಾಠಿ ಕಲಿಯುವ ನಮ್ಮ ಮಕ್ಕಳಿಗೆ ಇಲ್ಲಿ ಅರ್ಧ ದಿನ ಕೊಡಿ.

ಸುಮಾರು 1,350 ಮೀಟರ್ ಎತ್ತರದ ಮಹಾಬಳೇಶ್ವರದಲ್ಲಿ ಎರಡು ರಾತ್ರಿ ಬೇಕೇ ಬೇಕು. ಒಂದು ಮಾತು: ಕಣಿವೆ ನೋಡಲು ನಿಲ್ಲುವ ಅಲ್ಲಿನ ‘ಪಾಯಿಂಟ್’ಗಳಿಗೆ ಕಾರವಾನ್ ಒಯ್ಯಬೇಡಿ. ರಸ್ತೆ ಇಕ್ಕಟ್ಟು, ರಜಾದಿನ ತಿರುಗಿಸಲೂ ಜಾಗ ಇರುವುದಿಲ್ಲ. ಗಾಡಿಯನ್ನು ತಂಗುವ ಜಾಗದಲ್ಲೇ ಬಿಟ್ಟು ಸ್ಥಳೀಯ ಟ್ಯಾಕ್ಸಿ ಮಾಡಿಕೊಳ್ಳಿ.

ಟ್ಯಾಕ್ಸಿ ಮೊದಲು ಹೋಗಬೇಕಾದದ್ದು ಕ್ಷೇತ್ರ ಮಹಾಬಳೇಶ್ವರದ ಪಂಚಗಂಗಾ ಗುಡಿಗೆ. ಕೃಷ್ಣಾ, ವೆಣ್ಣಾ, ಕೊಯ್ನಾ, ಸಾವಿತ್ರಿ, ಗಾಯತ್ರಿ ಐದೂ ನದಿಗಳ ನೀರು ಇಲ್ಲಿ ಕಲ್ಲಿನ ಗೋಮುಖದಿಂದ ಸುರಿಯುತ್ತದೆ ಎಂಬ ನಂಬಿಕೆ. ಜಮಖಂಡಿ ಕಡೆಯ ನಮ್ಮತ್ತೆ ಅದರಡಿ ಕೈಯೊಡ್ಡಿ ನಿಂತವರು ಬಹಳ ಹೊತ್ತು ಸರಿಯಲೇ ಇಲ್ಲ. ‘ಅಲ್ಲವಾ, ಮಳಿಗಾಲದಾಗ ದಾಟಾಕ ನಾವಿ ಬೇಕಾಗ್ತಿತ್ತಲ್ಲ ನಮಗ, ಅದ ಏನ ಈ ಹೊಳಿ? ಬೊಗಸ್ಯಾಗ ಹಿಡಸ್ತದಲ್ಲ!’ ಎಂದರು. ಹಿಂದೆ ಸಾಲಿನಲ್ಲಿದ್ದವರು ಸರಿಯಿರೆಂದು ಹೇಳುತ್ತಿದ್ದರೂ ಸೆರಗಿನ ತುದಿಯನ್ನು ಆ ನೀರಿನಲ್ಲಿ ಅದ್ದಿ ಮೊಮ್ಮಕ್ಕಳ ಕಣ್ಣಿಗೆ ಒತ್ತಿದರು. ಉತ್ತರ ಕರ್ನಾಟಕದ ಹಿರಿಯರು ಮನೆಯಲ್ಲಿದ್ದರೆ ಈ ಗುಡಿಯನ್ನು ಬಿಡಬೇಡಿ. ಬಾಗಲಕೋಟೆ, ವಿಜಯಪುರಗಳ ಹೊಲಕ್ಕೆ ಹೋಗುವ ಕೃಷ್ಣೆಯ ನೀರಿನ ತವರು ಇದು.

ಅಲ್ಲಿಂದ ಸಾತಾರಾಕ್ಕೆ ಇಳಿಯಿರಿ. ಹತ್ತಿರದ ಕಾಸ್ ಪ್ರಸ್ಥಭೂಮಿ 2012ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿದ ಪಶ್ಚಿಮ ಘಟ್ಟದ ತಾಣಗಳಲ್ಲೊಂದು. ಹೂವು ಅರಳುವುದು ಆಗಸ್ಟ್ ಕೊನೆಯಿಂದ ಅಕ್ಟೋಬರ್ ಮೊದಲ ವಾರದ ಆಸುಪಾಸಿನವರೆಗೆ. ಅಕ್ಟೋಬರ್ ಮೊದಲ ವಾರ ಹೋಗುವಿರಾದರೆ ಮುಂಗಡ ನೋಂದಣಿ ಮಾಡಿಸಿ. ಉಳಿದ ತಿಂಗಳಲ್ಲಿ ಅಲ್ಲಿ ನೋಡಲು ಹೂವಿಲ್ಲ, ಅದರ ಬದಲು ಸಮರ್ಥ ರಾಮದಾಸರ ಸಮಾಧಿ ಇರುವ ಸಜ್ಜನಗಡ ಕೋಟೆಗೆ ಹೋಗಿ. ಸಾತಾರಾದಿಂದ ಹೆದ್ದಾರಿ ಹಿಡಿದು ಪುಣೆಗೆ ಮರಳಬಹುದು. ರಜೆ ಇದ್ದರೆ ಕೊಲ್ಹಾಪುರ, ಅಂಬೋಲಿ, ಸಾವಂತವಾಡಿ ಮೂಲಕ ಗೋವಾ ತನಕವೂ ಹೋಗಬಹುದು. ಮಹಾಬಳೇಶ್ವರದಿಂದ ಪೋಲಾದಪುರಕ್ಕೆ ಇಳಿಯುವ ಅಂಬೇನಳಿ ಘಾಟ್ ಮತ್ತು ಭೋರ್‌ನಿಂದ ಮಹಾಡ್‌ಗೆ ಇಳಿಯುವ ವರಂಧಾ ಘಾಟ್ ಎಷ್ಟೇ ಚೆಲುವಾಗಿದ್ದರೂ ಈ ಗಾಡಿಗೆ ಬೇಡ.

ಕಾಲ ಅಕ್ಟೋಬರ್‌ನಿಂದ ಫೆಬ್ರವರಿ. ಮಹಾಬಳೇಶ್ವರದಲ್ಲಿ ಒಂದು ಮಳೆಗಾಲಕ್ಕೆ ಐದು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಗುಡ್ಡ ಕುಸಿಯುವ ಆ ತಿಂಗಳುಗಳಲ್ಲಿ ಕಾರವಾನ್ ತರಬೇಡಿ.

ಗಾಡಿ ಬಾಡಿಗೆಗೆ ಹಿಡಿಯುವಾಗ

ಮೊದಲ ಪ್ರವಾಸಕ್ಕೆ ಚಾಲಕನ ಸಮೇತ ಇರುವ ಗಾಡಿಯನ್ನೇ ಹಿಡಿಯಿರಿ. ಅವರು ಮಲಗುವುದೆಲ್ಲಿ, ಊಟ ಯಾರದು ಎಂಬುದನ್ನು ಮೊದಲೇ ಮಾತಾಡಿಕೊಳ್ಳಿ. ದಿನವಿಡೀ ಘಾಟ್ ಓಡಿಸಿದವರನ್ನು ಡ್ರೈವರ್ ಸೀಟಿನಲ್ಲೇ ಮಲಗಿಸುವುದು ಅವರಿಗೂ ಅನ್ಯಾಯ, ಮರುದಿನ ನಿಮಗೂ ಅಪಾಯ. ನೀವೇ ಓಡಿಸುವುದಾದರೆ 7,500 ಕಿಲೋವರೆಗಿನ ಗಾಡಿಗೆ ಲಘು ವಾಹನದ (ಎಲ್‌ಎಂವಿ) ಲೈಸೆನ್ಸ್ ಸಾಕು.

ಗಾಡಿಯ ನೋಂದಣಿ ಪತ್ರದಲ್ಲಿ (ಆರ್‌ಸಿ) ವಾಹನದ ವರ್ಗ ‘ಮೋಟಾರ್ ಕಾರವಾನ್’ ಎಂದಿರಬೇಕು. ಹಳೆಯ ಟೆಂಪೊ ಟ್ರಾವೆಲರ್‌ಗೆ ಮಂಚ ಬಡಿದು ಕೊಡುವವರೂ ಇದ್ದಾರೆ, ಅಂಥದ್ದಕ್ಕೆ ಏನಾದರೂ ಆದರೆ ವಿಮೆಯ ಪೇಚಾಟ ನಿಮ್ಮ ತಲೆಗೆ ಬರುತ್ತದೆ. ಗೋವಾಕ್ಕೋ ಬೆಳಗಾವಿಗೋ ದಾಟುವಿರಾದರೆ ಅಖಿಲ ಭಾರತ ಪ್ರವಾಸಿ ಪರ್ಮಿಟ್ ಇದೆಯೇ ನೋಡಿ. ಸೀಟು ಎಷ್ಟು ಎಂದು ಕೇಳಬೇಡಿ, ಬೆಲ್ಟ್ ಇರುವ ಸೀಟು ಎಷ್ಟು ಎಂದು ಕೇಳಿ. ‘ಆರು ಜನ ಮಲಗಬಹುದು’ ಎಂಬ ಗಾಡಿಯಲ್ಲಿ ಬೆಲ್ಟ್ ನಾಲ್ಕೇ ಇದ್ದರೆ ಅದು ನಾಲ್ಕು ಜನರ ಗಾಡಿ. ಚಲಿಸುವಾಗ ಮಂಚದ ಮೇಲೆ ಯಾರೂ ಮಲಗಬಾರದು, ಒಲೆ ಮುಂದೆ ಯಾರೂ ನಿಲ್ಲಬಾರದು. ಮಕ್ಕಳು ಎಷ್ಟೇ ಹಟ ಮಾಡಿದರೂ ಇದರಲ್ಲಿ ರಿಯಾಯಿತಿ ಇಲ್ಲ.

ಹಿರಿಯರನ್ನು ಗಾಡಿ ನೋಡಲು ಕರೆದೊಯ್ಯಿರಿ. ಮೆಟ್ಟಿಲು ಹತ್ತಲಿ, ಟಾಯ್ಲೆಟ್ ಮೇಲೆ ಕೂತು ಏಳಲಿ, ಹಿಡಿದುಕೊಳ್ಳಲು ಕೈಗೆ ಏನು ಸಿಗುತ್ತದೆ ನೋಡಲಿ. ಹಿಡಿಕೆ ಇಲ್ಲದಿದ್ದರೆ ಹಾಕಿಸಿಕೊಡಲು ಕೇಳಿ. ಅರ್ಧ ಅಡಿ ಎತ್ತರದ ಗಟ್ಟಿ ಮರದ ಮಣೆ ಒಂದಿದ್ದರೆ ಹತ್ತಿ ಇಳಿಯಲು ಬಹಳ ಉಪಯೋಗ.

ನೀರು, ಕರೆಂಟು, ಒಲೆ

ನೂರು ಲೀಟರ್ ಟ್ಯಾಂಕ್ ನಾಲ್ವರಿಗೆ ಕೈ, ಬಾಯಿ, ಪಾತ್ರೆಗೆ ಒಂದು ದಿನ ಚೆನ್ನಾಗಿ ಬರುತ್ತದೆ. ಎಲ್ಲರೂ ಶವರ್ ಬಿಟ್ಟುಕೊಂಡರೆ ಮಧ್ಯಾಹ್ನಕ್ಕೇ ಮುಗಿಯುತ್ತದೆ. ಸ್ನಾನ ತಂಗುವ ಜಾಗದ ಬಚ್ಚಲಲ್ಲಿ ಆಗಲಿ. ನೂರು ಲೀಟರ್ ಎಂದರೆ ನೂರು ಕಿಲೋ ಭಾರ, ಅರ್ಧ ತುಂಬಿದ ಟ್ಯಾಂಕಿನ ನೀರು ತಿರುವಿನಲ್ಲಿ ಪಕ್ಕಕ್ಕೆ ಹೊಯ್ದಾಡುತ್ತದೆ. ಘಾಟ್ ಹತ್ತುವ ಮೊದಲು ಟ್ಯಾಂಕ್ ತುಂಬಿರಲಿ, ಇಲ್ಲವೇ ತಳ ಕಂಡಿರಲಿ. ಕುಡಿಯುವ ನೀರು ಬೇರೆ ಕ್ಯಾನ್‌ನಲ್ಲಿ.

ಕರೆಂಟಿನ ಲೆಕ್ಕ ಎಲ್ಲರಿಗೂ ಗೊತ್ತಿರಬೇಕು. 12 ವೋಲ್ಟಿನ, 150 ಆಂಪಿಯರ್ ಅವರ್‌ನ ಎರಡು ಬ್ಯಾಟರಿಯಲ್ಲಿ ಒಟ್ಟು 3,600 ವ್ಯಾಟ್ ಅವರ್ ಇರುತ್ತದೆ. ಇನ್ವರ್ಟರಿಗೆ ಹಾಕುವಂಥ ಬ್ಯಾಟರಿಯಾದರೆ ಅದರಲ್ಲಿ ಅರ್ಧವನ್ನಷ್ಟೇ ಬಳಸುವುದು ಕ್ಷೇಮ. ಅದರಲ್ಲಿ ದೀಪ, ಫ್ಯಾನು, ಮೊಬೈಲು ರಾತ್ರಿಯಿಡೀ ನಡೆಯುತ್ತವೆ. ಒಂದೂವರೆ ಕಿಲೋವ್ಯಾಟ್ ಎಳೆಯುವ ಎಸಿ ಹಾಕಿದರೆ ಒಂದು ಗಂಟೆ ಚಿಲ್ಲರೆಯಲ್ಲಿ ಮುಗಿಯಿತು. ಎಸಿ, ಇಂಡಕ್ಷನ್, ಗೀಸರ್ ಮೂರೂ ತಂಗುವ ಜಾಗದ ಸಾಕೆಟ್ ಇದ್ದಾಗ ಮಾತ್ರ, ಅದೂ ಒಂದಾದ ಮೇಲೊಂದು. ಇಂಡಕ್ಷನ್ 2,000 ವ್ಯಾಟ್, ಗೀಸರ್ 2,000 ವ್ಯಾಟ್ ಜೊತೆಗೆ ಹಾಕಿದರೆ 16 ಆಂಪಿಯರ್ ಸಾಕೆಟ್ ತಾಳುವುದಿಲ್ಲ. ದಪ್ಪ ತಂತಿಯ, ಮೂರು ಪಿನ್ನಿನ ಉದ್ದನೆಯ ಎಕ್ಸ್‌ಟೆನ್ಶನ್ ನೀವೇ ಒಯ್ಯಿರಿ. ಸುರುಳಿ ಪೂರ್ತಿ ಬಿಚ್ಚಿ ಬಳಸಿ, ಸುತ್ತಿಟ್ಟರೆ ಕಾಯುತ್ತದೆ.

ಮನೆಯ ದೊಡ್ಡ ಸಿಲಿಂಡರ್ ಗಾಡಿಯೊಳಗೆ ಇಡಲೇಬೇಡಿ. ಗ್ಯಾಸ್ ಒಲೆ ಇದ್ದರೆ ಹೊರಗಿಟ್ಟು ಹಚ್ಚಿ, ಓಡುವಾಗ ರೆಗ್ಯುಲೇಟರ್ ಬಂದ್. ಚಳಿಯೆಂದು ಕಿಟಕಿ ಮುಚ್ಚಿ ಒಲೆ ಹೊತ್ತಿಸಿ ಮೈ ಕಾಯಿಸಿಕೊಳ್ಳುವುದು ಪ್ರಾಣಕ್ಕೇ ಮುಳುವು.

ಅಡುಗೆಯನ್ನು ಮನೆಯಲ್ಲೇ ಅರ್ಧ ಮುಗಿಸಿ ಹೊರಡಿ. ಕಟಕ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಮೆಂತ್ಯದ ಹಿಟ್ಟು, ಹಚ್ಚಿದ ಅವಲಕ್ಕಿ, ಮೈಸೂರು ಕಡೆಯವರಾದರೆ ಗೊಜ್ಜವಲಕ್ಕಿಯ ಪುಡಿ. ದಾರಿಯಲ್ಲಿ ಮೊಸರು, ಸೌತೆಕಾಯಿ ಕೊಂಡರೆ ಊಟ ಆಯಿತು. ಒಂದು ಕುಕ್ಕರ್ ಸಾಕು. ಮಹಾಬಳೇಶ್ವರದ ಮಂಗಗಳಿಗೆ ಕಿಟಕಿ ತೆಗೆಯುವುದು ಗೊತ್ತು, ತಿಂಡಿ ಡಬ್ಬಿಯಲ್ಲಿರಲಿ.

ಘಾಟ್ ಹತ್ತುವುದು, ಇಳಿಯುವುದು

ಹತ್ತುವಾಗ ಯಾವ ಗೇರೋ ಇಳಿಯುವಾಗಲೂ ಅದೇ ಗೇರ್. ನ್ಯೂಟ್ರಲ್‌ನಲ್ಲಿ ಇಳಿಸಿ ಡೀಸೆಲ್ ಉಳಿಸುವ ಚಾಲಕ ಸಿಕ್ಕರೆ ಅಲ್ಲೇ ನಿಲ್ಲಿಸಿ ಮಾತಾಡಿ. ಮೂರು ಟನ್ನಿಗೂ ಮೀರಿದ ಗಾಡಿಯನ್ನು ಬರೀ ಬ್ರೇಕಿನಿಂದ ತಡೆಯುತ್ತಾ ಬಂದರೆ ಬ್ರೇಕ್ ಕಾದು, ಪೆಡಲ್ ಒತ್ತಿದರೂ ಹಿಡಿಯದ ಹಂತಕ್ಕೆ ಬರುತ್ತದೆ. ಸುಟ್ಟ ವಾಸನೆ ಬಂದರೆ ಅಗಲವಾದ ಜಾಗ ನೋಡಿ ನಿಲ್ಲಿಸಿ, ತಣಿಯುವವರೆಗೆ ಹೊರಡಬೇಡಿ, ಚಕ್ರಕ್ಕೆ ನೀರು ಎರಚಬೇಡಿ. ಇಕ್ಕಟ್ಟಾದ ಕಡೆ ಹತ್ತುವ ಗಾಡಿಗೆ ಇಳಿಯುವವರು ದಾರಿ ಬಿಡಬೇಕೆಂಬುದು ನಿಯಮ. ಹಿಂದೆ ಕಾರುಗಳ ಸಾಲು ಬೆಳೆದರೆ ಬದಿಗೆ ಸರಿದು ಬಿಟ್ಟುಕೊಡಿ. ಗಾಡಿಯ ಎತ್ತರವನ್ನು ದೊಡ್ಡ ಅಕ್ಷರದಲ್ಲಿ ಬರೆದು ಡ್ಯಾಶ್‌ಬೋರ್ಡಿಗೆ ಅಂಟಿಸಿ. ಮರದ ಕೊಂಬೆ, ಪೆಟ್ರೋಲ್ ಬಂಕಿನ ಚಾವಣಿ ಕಂಡಾಗ ನೆನಪಿಗೆ ಬರಲಿ.

ವಾಂತಿ ಬರುವ ಮಕ್ಕಳನ್ನು ಮುಂದಕ್ಕೆ ನೋಡುವ ಸೀಟಿನಲ್ಲಿ ಕೂರಿಸಿ, ಮೊಬೈಲ್ ಕಸಿದುಕೊಳ್ಳಿ, ಹೊಟ್ಟೆ ತುಂಬ ತಿನ್ನಿಸಿ ಹತ್ತಿಸಬೇಡಿ. ಹೊರಡುವ ಮುನ್ನ ಪ್ರತಿ ಬೆಳಿಗ್ಗೆ ಒಬ್ಬರಿಗೆ ಒಂದೇ ಕೆಲಸ: ಕಪಾಟಿನ ಚಿಲಕ, ಫ್ರಿಜ್ ಬಾಗಿಲು, ಮೇಲಿನ ಕಿಂಡಿ, ಹೊರಗಿನ ತಂತಿ, ಮೆಟ್ಟಿಲು ಎಲ್ಲ ಸರಿಯಿವೆಯೇ ಎಂದು ನೋಡುವುದು. ನಮ್ಮಲ್ಲಿ ಇದು ಹತ್ತು ವರ್ಷದ ಮಗಳ ಪಾಲಿಗೆ ಬಂತು, ಅವಳು ‘ಆತು’ ಎನ್ನುವವರೆಗೆ ಚಾಲಕರು ಕೀಲಿ ತಿರುಗಿಸುತ್ತಿರಲಿಲ್ಲ.

ಟ್ಯಾಂಕ್ ಖಾಲಿ ಮಾಡುವುದು, ಗಾಡಿ ಮರಳಿಸುವುದು

ಪಾತ್ರೆ ತೊಳೆದ ನೀರಿಗೆ ಒಂದು ಟ್ಯಾಂಕ್, ಟಾಯ್ಲೆಟ್‌ಗೆ ಇನ್ನೊಂದು. ಎರಡನ್ನೂ ದಿನ ಬಿಟ್ಟು ದಿನ, ತಂಗುವ ಜಾಗದ ಶೌಚಾಲಯಕ್ಕೆ ಮಾತ್ರ ಸುರಿಯಿರಿ. ಮಹಾಬಳೇಶ್ವರ, ಪಂಚಗಣಿ ಪ್ರದೇಶವನ್ನು 2001ರಲ್ಲೇ ಪರಿಸರ ಸೂಕ್ಷ್ಮ ವಲಯವೆಂದು ಘೋಷಿಸಲಾಗಿದೆ. ಅಲ್ಲಿ ರಸ್ತೆ ಬದಿಯ ಚರಂಡಿಗೆ ಬಿಟ್ಟದ್ದು ಕಣಿವೆಯ ಹಳ್ಳಕ್ಕೆ, ಹಳ್ಳದಿಂದ ಹೊಳೆಗೆ ಹೋಗುತ್ತದೆ. ಕೈಗವಸು, ಟಾಯ್ಲೆಟ್ ಟ್ಯಾಂಕಿಗೆಂದೇ ಇರುವ ದ್ರಾವಣ ಒಂದು ಬಾಟಲಿ (ಫಿನಾಯಿಲ್ ಅಲ್ಲ), ಇಷ್ಟನ್ನು ಗಾಡಿಯವರಿಂದಲೇ ಕೇಳಿ ಪಡೆಯಿರಿ. ಬಯೋ ಟಾಯ್ಲೆಟ್ ಇದ್ದರೆ ಫಿನಾಯಿಲ್ ಹಾಕಿದೊಡನೆ ಒಳಗಿನ ಬ್ಯಾಕ್ಟೀರಿಯಾ ಸಾಯುತ್ತವೆ, ಮರುದಿನದಿಂದ ವಾಸನೆ ಶುರು.

ಮರಳಿಸುವ ಹಿಂದಿನ ರಾತ್ರಿ ಎರಡೂ ಟ್ಯಾಂಕ್ ಖಾಲಿ ಮಾಡಿ ತೊಳೆಯಿರಿ. ಗಾಡಿ ಪಡೆಯುವಾಗ ಒಳಗೂ ಹೊರಗೂ, ಚಾವಣಿಯ ಅಂಚನ್ನೂ ಸೇರಿಸಿ ತೆಗೆದ ವಿಡಿಯೊ ನಿಮ್ಮ ಫೋನಿನಲ್ಲಿರಲಿ. ಡೀಸೆಲ್ ಮುಳ್ಳು, ಕಿಲೋಮೀಟರ್ ಎರಡರ ಫೋಟೊ ಅವರ ಎದುರಿಗೇ ತೆಗೆದು, ಠೇವಣಿಯಲ್ಲಿ ಏನಾದರೂ ಕಡಿದರೆ ಯಾವುದಕ್ಕೆ ಎಷ್ಟು ಎಂದು ಬರೆಸಿಕೊಂಡ ಮೇಲೆ ಕೀಲಿ ಕೊಡಿ.