ಗಡಿಯಾರದ ಜಾಗದಲ್ಲಿ ಮೂರು ಅಂಗಿಗುಂಡಿ

ಟೂರ್ನಿ ಆಡಿದವನು ಚದುರಂಗವನ್ನು ಸುಮ್ಮನೆ ಖುಷಿಗೆ ಆಡಲಾರ, ಒಂದೋ ಪೂರ್ತಿ ಬಿಡುತ್ತಾನೆ, ಇಲ್ಲವೇ ಮತ್ತೆ ಹೋಗಿ ಪ್ರವೇಶ ಶುಲ್ಕ ಕಟ್ಟುತ್ತಾನೆ ಎಂದು ನನಗೆ ಹೇಳಿದವರು ಒಬ್ಬಿಬ್ಬರಲ್ಲ. ಅವರಲ್ಲಿ ಎಲ್ಲರಿಗಿಂತ ಜೋರಾಗಿ ಹೇಳಿದವನು ಈಗ ವಾರಕ್ಕೆರಡು ಸಂಜೆ ನನ್ನೆದುರು ಕೂತು, ಬೆರಳುಗಳ ನಡುವೆ ಒಂದು ಅಂಗಿಗುಂಡಿ ಹಿಡಿದುಕೊಂಡು, ಅದನ್ನು ಖರ್ಚು ಮಾಡಲೋ ಬೇಡವೋ ಎಂದು ಒದ್ದಾಡುತ್ತಾನೆ. ಅವನು ಹಾಗೆ ಒದ್ದಾಡುವುದನ್ನು ನೋಡಿದ ಸಂತೋಷಕ್ಕೇ ಇದನ್ನು ಬರೆಯಲು ಕೂತಿದ್ದೇನೆ.

ನಾನು ಆಡಿದ್ದು ಹೆಚ್ಚುಕಡಿಮೆ ಇಪ್ಪತ್ತೆರಡು ವರ್ಷ. ಉತ್ತುಂಗದಲ್ಲಿ ರೇಟಿಂಗ್, ಅಂದರೆ ಆಟಗಾರನ ಬಲ ಹೇಳುವ ಅಂಕ, 1900 ದಾಟಿತ್ತು, ಬಿಡುವ ಹೊತ್ತಿಗೆ 1800ರ ಆಸುಪಾಸಿಗೆ ಇಳಿದಿತ್ತು. ಕೊನೆಯ ಟೂರ್ನಿಯ ಐದನೆಯ ಸುತ್ತಿನಲ್ಲಿ, ಕುರ್ಚಿಯಲ್ಲಿ ಕೂತರೆ ಕಾಲು ನೆಲಕ್ಕೆ ತಾಗದ ಒಬ್ಬ ಹುಡುಗ ಎದುರಾದ. ರೇಟಿಂಗ್‌ನಲ್ಲಿ ನನಗಿಂತ ಮುನ್ನೂರು ಕಡಿಮೆ. ಆನೆಯ ಎಂಡ್‌ಗೇಮ್‌ನಲ್ಲಿ, ಅಂದರೆ ಕೆಲವೇ ಕಾಯಿ ಉಳಿದ ಕೊನೆಯ ಘಟ್ಟದಲ್ಲಿ, ನನ್ನನ್ನು ನಿಧಾನವಾಗಿ ಹಿಂಡಿ ಸೋಲಿಸಿದ. ಚೆನ್ನಾಗಿಯೇ ಆಡಿದ, ಅದರಲ್ಲಿ ಎರಡು ಮಾತಿಲ್ಲ. ನನ್ನನ್ನು ಕಂಗೆಡಿಸಿದ್ದು ಸೋಲಲ್ಲ. ಕೈ ಕುಲುಕಿ ಎದ್ದ ಕೂಡಲೇ ನಾನು ಮಾಡಿದ ಮೊದಲ ಕೆಲಸ ರೇಟಿಂಗ್ ಎಷ್ಟು ಇಳಿಯುತ್ತದೆ ಎಂದು ಮನಸ್ಸಿನಲ್ಲೇ 20ನ್ನು 0.85ರಿಂದ ಗುಣಿಸಿದ್ದು. ಹದಿನೇಳು ಅಂಕ ಹೋಯಿತು. ಆಟದಲ್ಲಿ ಒಂದು ಸೊಗಸಾದ ಕುದುರೆಯ ನಡೆ ಇತ್ತು, ಅವನದೇ. ಅದು ನನಗೆ ನೆನಪಾದದ್ದು ಮೂರು ದಿನ ಕಳೆದ ಮೇಲೆ. ಆಗಲೇ ಅಂದುಕೊಂಡೆ, ಇನ್ನು ಸಾಕು.

ಹಣದ ವಿಷಯವನ್ನೂ ಹೇಳಿಬಿಡುತ್ತೇನೆ. ಪ್ರವೇಶ ಶುಲ್ಕ, ಪ್ರಯಾಣ, ಕೋಣೆ ಬಾಡಿಗೆ, ಪುಸ್ತಕ, ಕೆಲವು ಕಾಲ ತರಬೇತುದಾರರ ಶುಲ್ಕ, ಇವೆಲ್ಲ ಸೇರಿ ಜೋರಿನ ವರ್ಷಗಳಲ್ಲಿ ಸಂಬಳದ ಆರನೇ ಒಂದು ಪಾಲು ಇದಕ್ಕೇ ಹೋಗುತ್ತಿತ್ತು. ಇಪ್ಪತ್ತೆರಡು ವರ್ಷಗಳಲ್ಲಿ ಗೆದ್ದ ಬಹುಮಾನಗಳನ್ನೆಲ್ಲ ಒಟ್ಟು ಹಾಕಿದರೂ ಒಂದು ವರ್ಷದ ಪ್ರಯಾಣದ ಖರ್ಚಿಗೆ ಸಾಲದು. ಬಿಟ್ಟ ಮೇಲೆ ಓಪನಿಂಗ್ (ಆಟದ ಆರಂಭದ ನಡೆಗಳ) ಪುಸ್ತಕಗಳನ್ನು ಮಾರಲು ಹೋದೆ. ಕೊಂಡ ಬೆಲೆಯ ಹತ್ತನೇ ಒಂದು ಪಾಲೂ ಬರಲಿಲ್ಲ. ಚದುರಂಗ ಆಡುವ ಕಂಪ್ಯೂಟರ್ ತಂತ್ರಾಂಶಗಳಾದ ಎಂಜಿನ್‌ಗಳು ಬಂದ ಮೇಲೆ ಆ ಪುಸ್ತಕಗಳಲ್ಲಿ ಅರ್ಧ ಹಳಸಿಹೋಗಿದ್ದವು. ಎಂಡ್‌ಗೇಮ್ ಪುಸ್ತಕಗಳನ್ನು ಮಾತ್ರ ಮಾರಲಿಲ್ಲ. ಅವು ಹಳಸುವ ಜಾತಿಯಲ್ಲ.

ಬಿಟ್ಟ ಮೇಲೆ ಮೊದಲು ಮಾಡಿದ್ದು ಸಂಪೂರ್ಣ ಸಂನ್ಯಾಸ. ಮಣೆಯನ್ನೂ ಕಾಯಿಗಳನ್ನೂ ಡಬ್ಬಕ್ಕೆ ತುಂಬಿ ಅಟ್ಟಕ್ಕೆ ಎಸೆದೆ. ಏಳು ತಿಂಗಳು ಮುಟ್ಟಲಿಲ್ಲ. ಆದರೆ ಎಲ್ಲಾದರೂ ಕಪ್ಪುಬಿಳುಪು ಹಾಸುಗಲ್ಲಿನ ನೆಲ ಕಂಡರೆ ಸಾಕು, ಕಣ್ಣು ಕುದುರೆಯಂತೆ ಎರಡೂವರೆ ಮನೆ ಜಿಗಿಯುತ್ತಾ ಇನ್ನೊಂದು ಮೂಲೆಗೆ ಹೊರಡುತ್ತಿತ್ತು. ಎರಡನೆಯ ಪ್ರಯೋಗ ಮೊಬೈಲ್‌ನಲ್ಲಿ ಮೂರು ನಿಮಿಷದ ಬ್ಲಿಟ್ಜ್ ಎಂಬ ವೇಗದ ಆಟ, ಹಗುರವಾಗಿ, ಖುಷಿಗೆ ಎಂದುಕೊಂಡು. ಇದು ಟೂರ್ನಿಗಿಂತ ಕೆಟ್ಟದ್ದು. ಟೂರ್ನಿಯಲ್ಲಿ ದಿನಕ್ಕೆ ಎರಡು ಸಲ ಸೋಲಬಹುದು, ಇಲ್ಲಿ ಗಂಟೆಗೆ ಎಂಟು ಸಲ. ಒಂದು ರಾತ್ರಿ ನಲವತ್ತು ಆಟ ಆಡಿ, ಒಂದರ ಒಂದು ನಡೆಯೂ ನೆನಪಿಲ್ಲದೆ, ಬೆಳಗಿನ ಜಾವ ಮೂರಕ್ಕೆ ಆ ತಂತ್ರಾಂಶವನ್ನು ಅಳಿಸಿದೆ. ಮರುದಿನ ಮತ್ತೆ ಹಾಕಿಕೊಂಡೆ. ಹೀಗೆ ಅಳಿಸಿ ಹಾಕಿ ಎರಡು ತಿಂಗಳು ಕಳೆದವು.

ಮೂರನೆಯದು ಒಬ್ಬ ಚಿಕ್ಕ ಹುಡುಗನಿಗೆ ಪಾಠ ಹೇಳಿಕೊಟ್ಟದ್ದು. ಅವನು ಸೋತಾಗ ಅವನಿಗಿಂತ ನನಗೇ ಹೆಚ್ಚು ಸಂಕಟವಾಗುತ್ತಿತ್ತು. ಆರು ವಾರಗಳಲ್ಲಿ ಅವನ ತಾಯಿ ಬಂದು, "ಬೇಸರ ಮಾಡಿಕೊಳ್ಳಬೇಡಿ ಸಾರ್, ಅವನಿಗೆ ಕ್ರಿಕೆಟ್ ಇಷ್ಟವಂತೆ" ಎಂದರು. ಪಾಪ, ಎಷ್ಟು ಮರ್ಯಾದೆಯಿಂದ ಹೇಳಿದರು.

ಆಮೇಲೆ ಈ ಗೆಳೆಯನನ್ನು ಕರೆದೆ. ಟೂರ್ನಿಗಳಲ್ಲಿ ನಾವಿಬ್ಬರೂ ಮೂವತ್ತು ಸಲವಾದರೂ ಎದುರುಬದುರು ಕೂತವರು. ಗಡಿಯಾರವಿಲ್ಲ, ನಡೆ ಬರೆಯುವ ಹಾಳೆಯಿಲ್ಲ, ಸೋಲುಗೆಲುವಿನ ಲೆಕ್ಕವಿಲ್ಲ ಎಂದು ಒಪ್ಪಂದ ಮಾಡಿಕೊಂಡು ಆಡಲು ಕೂತೆವು. ಗಡಿಯಾರ ಇಲ್ಲದ್ದಕ್ಕೆ ಆಟ ನಾಲ್ಕು ಗಂಟೆ ಎಳೆಯಿತು, ಡ್ರಾ ಆಯಿತು. ತಕ್ಷಣ ಅವನು ಮೊಬೈಲ್ ತೆಗೆದು ಎಂಜಿನ್‌ಗೆ ಸ್ಥಿತಿ ತುಂಬಿ, "ಇಪ್ಪತ್ತೆಂಟನೇ ನಡೆಯಲ್ಲಿ ನಾನು ಗೆದ್ದಿದ್ದೆ" ಎಂದ. ಜಗಳವಾಯಿತು. "ವಿಶ್ವ ಚಾಂಪಿಯನ್ ಆಗಿದ್ದ ಕಾಸ್ಪರೋವ್ 2005ರಲ್ಲಿ ನಿವೃತ್ತಿ ಎಂದವರು 2017ರಲ್ಲಿ ಸೇಂಟ್ ಲೂಯಿಸ್‌ಗೆ ಹೋಗಿ ರ‍್ಯಾಪಿಡ್, ಬ್ಲಿಟ್ಜ್ ಆಡಿದರು. ಅವರಿಗೇ ಆಗದ್ದು ನಿನಗೆ ಆಗುತ್ತದೆಯೇ?" ಎಂದು ಕೇಳಿ ಎದ್ದು ಹೋದ.

ಗುಂಡಿಯ ಉಪಾಯ ಹೊಳೆದದ್ದು ಅದಾಗಿ ಒಂದು ತಿಂಗಳ ಮೇಲೆ. ಮತ್ತೆ ರಾಜಿಯಾಗಿ ಆಡುತ್ತಿದ್ದೆವು. ಅವನು ಒಂಟೆಯನ್ನು ನನ್ನ ಕಾಲಾಳಿನ ಬಾಯಿಗೇ ಇಟ್ಟು ಕೈ ತೆಗೆದ. ಮುಖ ಸಪ್ಪಗಾಯಿತು. "ವಾಪಸ್ ತೆಗೆದುಕೋ" ಎಂದೆ. "ಭಿಕ್ಷೆ ಬೇಡ" ಎಂದ. ಮುಟ್ಟಿದ ಕಾಯಿ ಆಡಲೇಬೇಕು ಎಂಬ ನಿಯಮ ನಮ್ಮ ರಕ್ತಕ್ಕಿಳಿದಿದೆ, ಅವನ ತಪ್ಪಲ್ಲ. ನನ್ನ ಅಂಗಿಯಿಂದ ಕಿತ್ತುಬಂದಿದ್ದ ಗುಂಡಿಯೊಂದು ಮೇಜಿನ ಮೇಲೆ ಬಿದ್ದಿತ್ತು. ಅದನ್ನು ಅವನ ಮುಂದೆ ತಳ್ಳಿ, "ಭಿಕ್ಷೆ ಅಲ್ಲ, ಇದನ್ನು ನನಗೆ ಕೊಟ್ಟು ಕೊಂಡುಕೋ" ಎಂದೆ. ನಕ್ಕ. ಕೊಂಡುಕೊಂಡ. ಆ ಆಟ ಸೋತದ್ದು ನಾನು.

ಅಂದಿನಿಂದ ಗಡಿಯಾರ ಇಡುತ್ತಿದ್ದ ಜಾಗದಲ್ಲಿ ಗುಂಡಿಗಳಿವೆ. ಆದರೆ ನಿಯಮ ಕೂಡಿಬರಲು ಮೂರು ತಿಂಗಳು ಹಿಡಿಯಿತು. ಮೊದಲು ಎಷ್ಟು ಸಲ ಬೇಕಾದರೂ ವಾಪಸ್ ಎಂದು ಮಾಡಿದೆವು, ಆಟ ಮುಗಿಯಲೇ ಇಲ್ಲ. ಆಮೇಲೆ ತಲಾ ಮೂರು ಗುಂಡಿ, ಖರ್ಚಾದದ್ದು ಡಬ್ಬಿಗೆ ಎಂದೆವು. ಇಬ್ಬರೂ ಜಿಪುಣರಂತೆ ಕೊನೆಯವರೆಗೆ ಉಳಿಸಿಕೊಂಡು ಎಂಡ್‌ಗೇಮ್‌ನಲ್ಲಿ ಸುರಿಯುತ್ತಿದ್ದೆವು. ಸರಿಹೋದದ್ದು ಖರ್ಚಾದ ಗುಂಡಿ ಎದುರಾಳಿಯ ಜೇಬಿಗೆ ಎಂದು ಮಾಡಿದಾಗ. ಈಗ ನಾನು ಒಂದು ನಡೆ ವಾಪಸ್ ಪಡೆದರೆ ಅವನಿಗೆ ನಾಲ್ಕು, ನನಗೆ ಎರಡು. ಎದುರಾಳಿ ಉತ್ತರ ಆಡಿದ ಮೇಲೂ ವಾಪಸ್ ಪಡೆಯಬಹುದು, ಆದರೆ ನಾನು ಮುಂದಿನ ಕಾಯಿಗೆ ಕೈ ಹಾಕಿದ ಮೇಲೆ ಇಲ್ಲ. ಚೆಕ್‌ಮೇಟ್ ಆದರೆ ಮುಗಿಯಿತು, ಗುಂಡಿ ನಡೆಯದು. ಎಲ್ಲಕ್ಕಿಂತ ಮುಖ್ಯವಾದದ್ದು ಇನ್ನೊಂದು: ಗುಂಡಿ ಕೊಡುವ ಮೊದಲು ತಾನು ಏನನ್ನು ನೋಡಲಿಲ್ಲ ಎಂಬುದನ್ನು ಬಾಯಿಬಿಟ್ಟು ಹೇಳಬೇಕು. "ನಿನ್ನ ಮಂತ್ರಿ ಹಿಂದಕ್ಕೆ ಬರುತ್ತದೆ ಎಂದು ತೋಚಲೇ ಇಲ್ಲ" ಎಂದು ಇಪ್ಪತ್ತು ವರ್ಷಗಳಿಂದ ಎದುರಾಳಿಯಾಗಿದ್ದವನ ಬಾಯಲ್ಲಿ ಕೇಳುವುದಿದೆಯಲ್ಲ, ಯಾವ ಬಹುಮಾನವೂ ಅದಕ್ಕೆ ಸಮವಲ್ಲ. ಟೂರ್ನಿಯಲ್ಲಿ ತಪ್ಪನ್ನು ಮುಖದಲ್ಲಿ ತೋರಿಸದಿರುವುದೇ ವಿದ್ಯೆಯಾಗಿತ್ತು.

ಇದರಿಂದ ಆಟವೇ ಬದಲಾಯಿತು. ನಾವಿಬ್ಬರೂ ಕ್ಯಾರೋ ಕಾನ್ ಎಂಬ ಸುಭದ್ರ ರಕ್ಷಣೆಯ ಬಿಲದಲ್ಲಿ ಬದುಕಿದವರು. ಈಗ ಎರಡನೇ ನಡೆಗೇ ಕಾಲಾಳು ಒಪ್ಪಿಸುವ ಕಿಂಗ್ಸ್ ಗ್ಯಾಂಬಿಟ್ ಆಡುತ್ತೇವೆ. ಹಳ್ಳಕ್ಕೆ ಬಿದ್ದರೂ ಏಳಲು ಗುಂಡಿ ಇದೆ ಎಂಬ ಧೈರ್ಯ. ಇದುವರೆಗೆ ನೂರೈವತ್ತು ಆಟ ಆಗಿರಬಹುದು, ಡ್ರಾ ಆದದ್ದು ಹತ್ತನ್ನು ದಾಟಿಲ್ಲ. ಹಿಂದೆ ನಮ್ಮ ಮೂರರಲ್ಲಿ ಎರಡು ಡ್ರಾ. ಎಂಜಿನ್‌ಗೆ ಕೇಳಬೇಕೆನಿಸಿದರೆ ಮರುದಿನ ಬೆಳಗಿನ ನಂತರವೇ ಎಂದು ನಿಯಮ. ಮರುದಿನದ ಹೊತ್ತಿಗೆ ಕೇಳುವ ಚಪಲವೇ ಇರುವುದಿಲ್ಲ.

ಗುಂಡಿಯನ್ನು ಯಾವಾಗ ಖರ್ಚು ಮಾಡಬೇಕು ಎಂಬುದಕ್ಕೆ ನನ್ನಲ್ಲೊಂದು ಲೆಕ್ಕವಿದೆ. ಎದುರಾಳಿಯ ಉತ್ತರ ನೋಡಿದ ಮೇಲೂ ವಾಪಸ್ ಪಡೆಯಬಹುದಾದ್ದರಿಂದ ಗುಂಡಿ ಬರೀ ತಪ್ಪು ತಿದ್ದುವ ಸಾಧನವಲ್ಲ ಎಂದಷ್ಟೇ ಹೇಳುತ್ತೇನೆ. ಪೂರ್ತಿ ಹೇಳುವುದಿಲ್ಲ, ಗೆಳೆಯನೂ ಇದನ್ನು ಓದುತ್ತಾನೆ. ಗ್ಯಾಂಬಿಟ್‌ನ ಆರನೇ ನಡೆಯಲ್ಲಿ ಅವನು ಪದೇ ಪದೇ ಬೀಳುವ ಬಲೆಯೂ ಹಾಗೆಯೇ ಇರಲಿ.

ನಡುವೆ ಬೇರೆ ಆಟಗಳನ್ನೂ ಪರೀಕ್ಷಿಸಿದೆವು. ಬಿಳಿಗೆ ಒಂದು ನಡೆ, ಕಪ್ಪಿಗೆ ಎರಡು, ಮತ್ತೆ ಬಿಳಿಗೆ ಮೂರು ಎಂದು ಏರುತ್ತಾ ಹೋಗುವ ಪ್ರೊಗ್ರೆಸಿವ್ ಆಟ ಎರಡು ಸಂಜೆ ಬಹಳ ನಗಿಸಿತು, ಮೂರನೆಯ ಸಂಜೆ ಬೇಸರ ತಂದಿತು. ಹಿಂದಿನ ಸಾಲಿನ ಕಾಯಿಗಳನ್ನು ಅಡ್ಡಾದಿಡ್ಡಿ ಜೋಡಿಸಿ ಆಡುವ, ಮಾಜಿ ವಿಶ್ವ ಚಾಂಪಿಯನ್ ಫಿಶರ್ 1996ರಲ್ಲಿ ಘೋಷಿಸಿದ ರ‍್ಯಾಂಡಮ್ ಆಟ ಮಾತ್ರ ಉಳಿಯಿತು. ಅದರ 960 ಸ್ಥಿತಿಗಳಲ್ಲಿ ಒಂದನ್ನು ಆರಿಸಲು ಮೊಬೈಲ್ ಬೇಡ, ಒಂದು ದಾಳ ಸಾಕು. ಆ ಸಾಲಿನಲ್ಲಿ ಕಪ್ಪು ಮನೆ ನಾಲ್ಕು, ಬಿಳಿ ಮನೆ ನಾಲ್ಕು: ಒಂದೊಂದು ಒಂಟೆಗೆ ದಾಳ ಹಾಕುವುದು, ಐದು, ಆರು ಬಿದ್ದರೆ ಮತ್ತೆ. ಉಳಿದ ಆರು ಮನೆಗಳಲ್ಲಿ ಮಂತ್ರಿಗೆ ದಾಳ, ಇದಕ್ಕೆ ಆರೂ ಮುಖ ಸರಿಹೊಂದುತ್ತವೆ. ಉಳಿದ ಐದರಲ್ಲಿ ಒಂದು ಕುದುರೆ, ನಾಲ್ಕರಲ್ಲಿ ಇನ್ನೊಂದು. ಕೊನೆಗೆ ಮೂರು ಮನೆ ಉಳಿಯುತ್ತವೆ. ಅಲ್ಲಿ ಆನೆ, ರಾಜ, ಆನೆ, ಅದಕ್ಕೆ ಯಾರನ್ನೂ ಕೇಳಬೇಕಾಗಿಲ್ಲ. ಚದುರಂಗದ ಮಣೆಯ ಪಕ್ಕ ದಾಳ ಉರುಳುವ ಸದ್ದು ಕೇಳಿ ಗೆಳೆಯ ಮೊದಲ ದಿನ ಮುಖ ಗಂಟಿಕ್ಕಿದ. ಈಗ ಬಂದವನೇ ದಾಳ ಕೇಳುತ್ತಾನೆ. ಕಂಠಪಾಠ ಮಾಡಿದ್ದೆಲ್ಲ ನೀರಿನಲ್ಲಿ ಹೋಮವಾಗುವುದರಿಂದ ಇಬ್ಬರೂ ಮೊದಲ ನಡೆಗೇ ತಲೆ ಕೆರೆದುಕೊಳ್ಳುತ್ತೇವೆ.

ಮಗಳ ಜೊತೆಗಿನ ಆಟ ಇನ್ನೊಂದು ಬಗೆ. ಅವಳಿಗೆ ಕಾಯಿ ನಡೆಸಲು ಬರುತ್ತದೆ, ಅದಕ್ಕಿಂತ ಸ್ವಲ್ಪ ಹೆಚ್ಚು. ಹಿಂದಿನವರು ದುರ್ಬಲರೆದುರು ಒಂದು ಕಾಯಿ ತೆಗೆದಿಟ್ಟು ಆಡುತ್ತಿದ್ದರು. ಹತ್ತೊಂಬತ್ತನೇ ಶತಮಾನದ ಅಮೆರಿಕನ್ ಆಟಗಾರ ಮಾರ್ಫಿ ಯುರೋಪಿನಿಂದ ಮರಳಿದ ಮೇಲೆ ಎಂಥವರಿಗೂ ಒಂದು ಕಾಲಾಳು ಮತ್ತು ಮೊದಲ ನಡೆ ಬಿಟ್ಟುಕೊಟ್ಟು ಆಡುತ್ತೇನೆ ಎಂದು ಸವಾಲು ಹಾಕಿದ್ದ. ನಾನು ಆನೆ ತೆಗೆದಿಟ್ಟು ನೋಡಿದೆ. ಅವಳು ಸಿಕ್ಕಸಿಕ್ಕ ಕಾಯಿಗಳನ್ನೆಲ್ಲ ವಿನಿಮಯ ಮಾಡಿ ಮಣೆ ಬರಿದು ಮಾಡಲು ಕಲಿತಳು, ಆಡಲು ಕಲಿಯಲಿಲ್ಲ. ಆಗ ಕಾಯಿಗಳನ್ನು ಪೂರ್ತಿ ಇಟ್ಟು ಆರು ಗುಂಡಿಯನ್ನೂ ಅವಳಿಗೇ ಕೊಟ್ಟೆ, ನನಗೆ ಸೊನ್ನೆ. ಈಗ ನಾಲ್ಕಕ್ಕೆ ಎರಡು ನಡೆಯುತ್ತಿದೆ, ಹತ್ತರಲ್ಲಿ ನಾಲ್ಕನ್ನು ಅವಳೇ ಗೆಲ್ಲುತ್ತಾಳೆ. ಮೂರಕ್ಕೆ ಮೂರು ಆದ ದಿನ ನನ್ನ ಗತಿ ಏನೋ.

ಅವಳಿಂದಲೇ ನನಗೊಂದು ಹಳೆಯ ಸ್ಥಿತಿ ಹೊಸದಾಗಿ ಕಂಡಿತು. ಚದುರಂಗ ಆಟಗಾರ ರೆಟಿ 1921ರಲ್ಲಿ ರಚಿಸಿದ ಆ ಎಂಡ್‌ಗೇಮ್ ಒಗಟು ಟೂರ್ನಿ ಆಡಿದವರಿಗೆಲ್ಲ ಗೊತ್ತಿರುತ್ತದೆ (ಅಕ್ಷರ ಮಣೆಯ ಕಂಬಸಾಲು, ಅಂಕಿ ಅಡ್ಡಸಾಲು): ಬಿಳಿ ರಾಜ ಎಚ್8, ಕಾಲಾಳು ಸಿ6, ಕಪ್ಪು ರಾಜ ಎ6, ಕಾಲಾಳು ಎಚ್5. ಕಪ್ಪು ಕಾಲಾಳು ಓಡಿದರೆ ಬಿಳಿ ರಾಜ ಎರಡು ನಡೆ ಹಿಂದೆ, ಹಿಡಿಯುವ ಮಾತೇ ಇಲ್ಲ. ಇಪ್ಪತ್ತು ವರ್ಷ ಹಿಂದೆ ಉತ್ತರ ಓದಿ, ತಲೆದೂಗಿ, ಮರೆತಿದ್ದೆ. ಅವಳ ಮುಂದೆ ಕಾಯಿ ಜೋಡಿಸಿ, ಮೊದಲ ನಡೆ ಬಿಳಿಯದು, ಬಿಳಿ ಡ್ರಾ ಮಾಡಬೇಕು ಎಂದಷ್ಟೇ ಹೇಳಿದೆ. ಸುಮಾರು ಇಪ್ಪತ್ತು ನಿಮಿಷ ಬೆರಳಲ್ಲಿ ಮನೆ ಎಣಿಸಿದಳು. ಆಮೇಲೆ, "ಅಪ್ಪಾ, ರಾಜ ಓರೆಯಾಗಿ ಹೋದರೂ ನೇರವಾಗಿ ಹೋದರೂ ಅಷ್ಟೇ ನಡೆ ಅಲ್ಲವೇ?" ಎಂದಳು. ಜಿ7, ಎಫ್6, ಇ5. ಇ5ಗೆ ಬಂದ ರಾಜ ಒಂದು ಕಣ್ಣು ತನ್ನ ಕಾಲಾಳಿನ ಮೇಲೆ, ಇನ್ನೊಂದು ಎದುರಾಳಿಯ ಕಾಲಾಳಿನ ಮೇಲೆ ಇಟ್ಟಿರುತ್ತದೆ. ಕಪ್ಪು ರಾಜ ಸಿ6ರ ಕಾಲಾಳನ್ನು ಹೊಡೆದರೆ ಎಫ್4ಗೆ ಇಳಿದು ಇನ್ನೊಂದನ್ನು ಹಿಡಿಯಬಹುದು. ಕಪ್ಪು ಕಾಲಾಳೇ ಓಡಿದರೆ ಡಿ6ಗೆ ಹೋಗಿ ತನ್ನದನ್ನು ಮಂತ್ರಿ ಮಾಡಿಸಬಹುದು. ಅವಳ ಬೆರಳು ಇ5ರ ಮೇಲೆ ನಿಂತಾಗ ನನ್ನ ಮೈ ಜುಮ್ಮೆಂದಿತು. ಹೀಗೆ ಆಗಿ ಎಷ್ಟು ವರ್ಷವಾಗಿತ್ತೋ. ಟೂರ್ನಿ ಕಾಲದಲ್ಲಾದರೆ, ಇದು ಪರೀಕ್ಷೆಗೆ ಬರುವುದಿಲ್ಲ ಎಂದು ಪುಟ ತಿರುವುತ್ತಿದ್ದೆ.

ಖರ್ಚು ಈಗ ಏನೂ ಇಲ್ಲ. ಹಳೆಯ ಮರದ ಮಣೆ, ಒಂದು ಕಿವಿ ಮುರಿದ ಕುದುರೆ, ಒಂದು ದಾಳ, ಆರು ಗುಂಡಿ. ಡಿಜಿಟಲ್ ಗಡಿಯಾರವನ್ನು ಗೆಳೆಯನ ತಮ್ಮನ ಮಗನಿಗೆ ಕೊಟ್ಟೆ. ಇನ್ನೊಂದು ತಮಾಷೆ: 2024ರ ಮಾರ್ಚ್‌ನಲ್ಲಿ ಅಂತರರಾಷ್ಟ್ರೀಯ ಚದುರಂಗ ಒಕ್ಕೂಟವಾದ ಫಿಡೆ 2000ಕ್ಕಿಂತ ಕೆಳಗಿನವರ ರೇಟಿಂಗ್ ಅನ್ನು ಒಂದೇ ಸಲಕ್ಕೆ ಏರಿಸಿತಲ್ಲ, 2000ಕ್ಕೆ ಎಷ್ಟು ಕಡಿಮೆ ಇದೆಯೋ ಅದರ ನೂರಕ್ಕೆ ನಲವತ್ತರಷ್ಟು, ಆ ಲೆಕ್ಕದಲ್ಲಿ ನನ್ನದಕ್ಕೆ ಎಂಬತ್ತು ಸೇರುತ್ತದೆ. ಕೊನೆಯ ನಾಲ್ಕು ವರ್ಷ ಊರೂರು ಅಲೆದು ಕಳೆದುಕೊಂಡದ್ದರಲ್ಲಿ ಮುಕ್ಕಾಲು ಪಾಲು ಮನೆಯಲ್ಲಿ ಕೂತಲ್ಲಿಗೆ ಬಂತು. ಇದನ್ನು ತಿಳಿಸಿದವನು ಗೆಳೆಯ. ಹೊಟ್ಟೆಕಿಚ್ಚಿನಿಂದಲೇ ತಿಳಿಸಿದ, ಅವನದು 2000ದ ಮೇಲಿತ್ತು.

ಅದೇ ಗೆಳೆಯ ಕಳೆದ ವಾರ ಬಂದು, ಗುಂಡಿ ಆಟ ಇಷ್ಟು ಚೆನ್ನಾಗಿರುವಾಗ ನಮ್ಮಂತೆ ಬಿಟ್ಟು ಕೂತಿರುವ ಎಂಟು ಜನರನ್ನು ಸೇರಿಸಿ ಒಂದು ಟೂರ್ನಿ ಯಾಕೆ ಮಾಡಬಾರದು ಎಂದು ಕೇಳಿದ. ಏಳು ಸುತ್ತು, ಚಿಕ್ಕದೊಂದು ಪ್ರವೇಶ ಶುಲ್ಕ, ಗೆದ್ದವನಿಗೆ ಒಂದು ಬಟ್ಟಲು. ಕಾಗದದಲ್ಲಿ ಸುತ್ತುಗಳ ಪಟ್ಟಿಯನ್ನೂ ಬರೆದು ತಂದಿದ್ದ. ನಾನು ಏನೂ ಹೇಳದೆ ಗುಂಡಿಗಳನ್ನು ಜೇಬಿಗೆ ಹಾಕಿಕೊಂಡೆ. ಇನ್ನೂ ತೆಗೆದಿಲ್ಲ.