ಹೀಟ್ ಮ್ಯಾಟ್ ಇಲ್ಲ, ಸ್ಪ್ರೇ ಇಲ್ಲ: ಡೊಂಬಿವಲಿಯಲ್ಲಿ ಬೆಳೆದ ನನ್ನ ರೆಡ್ ನೀ

ಕಳೆದ ತಿಂಗಳು ನನ್ನ ಮೆಕ್ಸಿಕನ್ ರೆಡ್ ನೀ ಟ್ಯಾರಂಟುಲಾ, ಅಂದರೆ ಮನೆಯಲ್ಲಿ ಸಾಕಿರುವ ರೋಮದ ದೊಡ್ಡ ಜೇಡ, ಮತ್ತೊಮ್ಮೆ ಪೊರೆ ಬಿಟ್ಟಿತು. ಒಂದು ಕಾಲೂ ಸಿಕ್ಕಿಕೊಳ್ಳಲಿಲ್ಲ. ಈಗ ಕಾಲು ಚಾಚಿ ಕೂತರೆ ನಾಲ್ಕೂವರೆ ಇಂಚಿನ ಹತ್ತಿರ ಬರುತ್ತದೆ. ಕಡಲೆಬೇಳೆಯಷ್ಟು ದೊಡ್ಡ ಮೈಯ ಮರಿಯಾಗಿ ಬಂದದ್ದು ಅದು. ಹೀಟ್ ಮ್ಯಾಟ್ (ಬಿಸಿ ಕೊಡುವ ಕರೆಂಟಿನ ಹಾಸು) ಇಟ್ಟಿಲ್ಲ, ದಿನಾ ನೀರು ಚಿಮುಕಿಸಿಲ್ಲ. "ಹೀಗೆ ಸಾಕಿದರೆ ಆರು ತಿಂಗಳೂ ಉಳಿಯಲ್ಲ ನೋಡಿ" ಎಂದಿದ್ದ, ಜೇಡ ಸಾಕುವ ಪುಣೆಯ ಹಿರಿಯರೊಬ್ಬರು ಈಗ ಅದು ಇರುವ ಡಬ್ಬಿಯ ಫೋಟೋ ಕಳಿಸಿ ಅಂತ ಕೇಳುತ್ತಿದ್ದಾರೆ. ಕಳಿಸಿದ್ದೇನೆ, ಆದರೆ ಪೂರ್ತಿ ಅಲ್ಲ.

ಪುಣೆಯಲ್ಲಿ ಡಿಸೆಂಬರ್ ರಾತ್ರಿ 10 ಡಿಗ್ರಿಗೆ ಇಳಿಯುತ್ತದೆ. ಅಲ್ಲಿ ಅವರ ಮಾತಿಗೆ ಅರ್ಥ ಇರಬಹುದು. ಆದರೆ ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ? ಏಪ್ರಿಲ್‌ನಲ್ಲಿ 40 ದಾಟುವ ಊರಲ್ಲಿ, ಜುಲೈಯಲ್ಲಿ ಒಗೆದ ಬಟ್ಟೆ ಮೂರು ದಿನವಾದರೂ ಒಣಗದ ಊರಲ್ಲಿ, ಬಿಸಿ ಮಾಡು, ತೇವ ಮಾಡು ಎಂದರೆ ಏನು ಹೇಳುವುದು! ನಾವೆಲ್ಲ ಓದುವ ಕೇರ್ ಶೀಟ್‌ಗಳು, ಅಂದರೆ ಹೇಗೆ ಸಾಕಬೇಕೆಂದು ಹೇಳುವ ಟಿಪ್ಪಣಿಗಳು, ಚಳಿದೇಶದವು. ಅಲ್ಲಿ ಮನೆಯೊಳಗೆ ಹೀಟರ್ ಉರಿಯುತ್ತದೆ, ಗಾಳಿ ಒಣಗಿರುತ್ತದೆ. ಅವರಿಗೆ ತೇವ ಬೇಕು. ನಮಗೆ ಬೇಕಾದದ್ದು ಗಾಳಿ.

ಇದು ತಿಳಿಯುವ ಹೊತ್ತಿಗೆ ಎಷ್ಟು ಖರ್ಚಾಯಿತು ಅಂತ ಹೇಳುತ್ತೇನೆ. ಇದಕ್ಕೂ ಮುಂಚೆ ತಂದ ಮೊದಲ ಮರಿಗೆ ಎರಡೂವರೆ ಸಾವಿರ ಇರಬೇಕು. ಅದಕ್ಕೆ ಗಾಜಿನ ಟ್ಯಾಂಕ್, ಸುಮಾರು ಎರಡು ಸಾವಿರ. ಹೀಟ್ ಮ್ಯಾಟ್ ಸಾವಿರದ ಮೇಲೆ. ತೇವ ಅಳೆಯುವ ಮೀಟರ್ ಮುನ್ನೂರು ಚಿಲ್ಲರೆ. ಅದು ಮೀನುಮಾರುಕಟ್ಟೆಯಲ್ಲೂ ನನ್ನ ಹಾಲ್‌ನಲ್ಲೂ ಒಂದೇ ಅಂಕಿ ತೋರಿಸುತ್ತಿತ್ತು. ಪರೀಕ್ಷೆ ಮಾಡಿಯೇ ಹೇಳುತ್ತಿದ್ದೇನೆ. ಮ್ಯಾಟನ್ನು ಟ್ಯಾಂಕಿನ ಅಡಿಗೆ ಇಡಿ ಎಂದಿದ್ದರು, ಇಟ್ಟೆ. ಬಿಸಿಯಾದಾಗ ಈ ಜೀವ ಏನು ಮಾಡುತ್ತದೆ? ತಂಪು ಹುಡುಕಿ ಕೆಳಗೆ ತೋಡುತ್ತದೆ. ಕೆಳಗೇ ಒಲೆ ಇದ್ದರೆ? ವಾರದೊಳಗೆ ಕಾಲು ಮಡಚಿಕೊಂಡು ಸತ್ತುಹೋಯಿತು.

ಎರಡನೆಯದಕ್ಕೆ ಮ್ಯಾಟ್ ತೆಗೆದೆ, ಸ್ಪ್ರೇ ಬಾಟಲಿ ಹಿಡಿದೆ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, ಅದೂ ಜುಲೈ ತಿಂಗಳಲ್ಲಿ. ನೆಲಕ್ಕೆ ಹಾಸಿದ ಕೋಕೋಪಿಟ್ (ತೆಂಗಿನ ನಾರಿನ ಪುಡಿ) ಮೇಲೆ ಬಿಳಿ ಬೂಷ್ಟು ಬಂತು. ತಿಂದು ಉಳಿಸಿದ ಹುಳದ ಮೇಲೆ ಕುಪ್ಪಳಿಸಿ ಓಡುವ ಸಣ್ಣ ಫೋರಿಡ್ ನೊಣಗಳು ಬಂದವು. ಮರಿ ಗೋಡೆ ಹತ್ತಿ ಮುಚ್ಚಳಕ್ಕೆ ಅಂಟಿ ಕೂತಿತು. ನೆಲ ಬೇಡ ಎಂದು ಅದು ಸ್ಪಷ್ಟವಾಗಿಯೇ ಹೇಳುತ್ತಿತ್ತು. ಕೇಳಿದವರೆಲ್ಲ "ತೇವ ಸಾಲದು, ಇನ್ನೂ ಹೊಡಿ" ಎಂದರು. ಅರ್ಧ ಪೊರೆ ಬಿಟ್ಟು ಅಲ್ಲೇ ಸತ್ತಿತು.

ದಾರಿ ಸಿಕ್ಕಿದ್ದು ಕುಂದಾಪುರದ ಕಡೆ ನಮ್ಮ ಊರಲ್ಲಿ. ತೋಟಕ್ಕೆ ಇಳಿಯುವ ದಾರಿಯ ಪಕ್ಕ ಕೆಂಪು ಮಣ್ಣಿನ ದರೆ ಇದೆ. ಅದರ ತುಂಬ ನಮ್ಮ ಪಶ್ಚಿಮ ಘಟ್ಟದ ದೊಡ್ಡ ಜೇಡಗಳ ಬಿಲ, ಬಾಯಿಗೆ ನೂಲಿನ ಅಂಚು. ಮಳೆ ಧೋ ಎಂದು ಸುರಿಯುವಾಗ ನಿಂತು ನೋಡಿದೆ. ನೀರೆಲ್ಲ ದರೆಯ ಮೈಮೇಲೆ ಜಾರಿ ಕೆಳಗೆ ಹೋಗುತ್ತದೆ. ಬಿಲದ ಬಾಯಿ ಹೆಚ್ಚೆಂದರೆ ನೆನೆಯುತ್ತದೆ, ಒಳಗೆ ನೀರು ನಿಲ್ಲುವುದಿಲ್ಲ. ಬೇಸಿಗೆಯಲ್ಲಿ ಅದೇ ದರೆಯ ಮೇಲ್ಮೈ ಪುಡಿಪುಡಿ, ಗೇಣುದ್ದ ಒಳಗೆ ಮಾತ್ರ ತಂಪು. ರೆಡ್ ನೀ ಹುಟ್ಟಿದ್ದು ಮೆಕ್ಸಿಕೋದ ಪಶ್ಚಿಮದಲ್ಲಿ, ಕೊಲಿಮಾ, ಹಲಿಸ್ಕೊ, ಮಿಚೊಅಕಾನ್ ಕಡೆಯ ಕುರುಚಲು ಕಾಡಲ್ಲಿ. ಅಲ್ಲೂ ಒಂದಷ್ಟು ತಿಂಗಳು ಮಳೆ, ಉಳಿದದ್ದು ಒಣ. ಅದೂ ಬಿಲದ ಪ್ರಾಣಿಯೇ. ಹಾಗಾದರೆ ದರೆಯನ್ನೇ ಡಬ್ಬಿಯೊಳಗೆ ಮಾಡಿದರೆ ಆಯಿತಲ್ವಾ?

(ದರೆಯ ಜೇಡವನ್ನು ಹಿಡಿದು ತಂದಿರಾ ಎಂದು ಯಾರಾದರೂ ಕೇಳುತ್ತಾರೆ. ಇಲ್ಲ. ತರಬೇಡಿ ಕೂಡ. ಕಾಡಿನದು ಕಾಡಲ್ಲೇ ಇರಲಿ. ಅದೂ ಅಲ್ಲದೆ ನಮ್ಮ ಕಡೆಯವಕ್ಕೆ ರೆಡ್ ನೀಯ ಹಾಗೆ ಉದುರಿಸಲು ತುರಿಕೆ ರೋಮ ಇಲ್ಲ, ನೇರ ಕಚ್ಚುತ್ತವೆ. ಮೊದಲ ಸಲ ಸಾಕುವವರಿಗೆ ಹೇಳಿದ್ದಲ್ಲ.)

ಡಬ್ಬಿ ತಂದದ್ದು ಮುಂಬಯಿಯ ಅಬ್ದುಲ್ ರೆಹಮಾನ್ ಸ್ಟ್ರೀಟ್‌ನಿಂದ. ಹಿಟ್ಟು ಹಾಕಿಡುವ ನಾಲ್ಕು ಲೀಟರಿನ ಪಾರದರ್ಶಕ ಡಬ್ಬಿ, ಚೌಕಾಸಿ ಮಾಡಿ ನೂರೈವತ್ತಕ್ಕೆ ಸಿಕ್ಕಿತು. ಎರಡು ಸಾವಿರದ ಗಾಜಿನ ಟ್ಯಾಂಕಿನಲ್ಲಿ ಈಗ ಮಗಳ ಗಪ್ಪಿ ಮೀನುಗಳಿವೆ. ಮುಚ್ಚಳಕ್ಕೆ ತೂತು ಮಾಡಲಿಲ್ಲ. ಜಾಲರಿ ಮುಚ್ಚಳ ಅಂತೂ ಬೇಡವೇ ಬೇಡ, ಉಗುರು ಸಿಕ್ಕಿ ನೇತಾಡುತ್ತವೆ. ಒಂದು ಪಕ್ಕದಲ್ಲಿ ಮಣ್ಣಿನ ಮಟ್ಟದಿಂದ ಸ್ವಲ್ಪ ಮೇಲೆ, ಎದುರು ಪಕ್ಕದಲ್ಲಿ ಎತ್ತರಕ್ಕೆ, ಬಿಸಿ ಸೋಲ್ಡರಿಂಗ್ ಕಡ್ಡಿಯಿಂದ ಸಾಲಾಗಿ ತೂತು. ಗಾಳಿ ಕೆಳಗಿಂದ ಬಂದು ಮೇಲಿಂದ ಹೋಗಬೇಕು. ಎಷ್ಟು ತೂತು, ಯಾವ ಅಳತೆ ಅನ್ನುವುದು ನಿಮ್ಮ ಕೋಣೆ ನೋಡಿಕೊಂಡು. ನನ್ನದನ್ನು ನಾನೇ ಎರಡು ಮೂರು ಸಲ ಟೇಪ್ ಹಚ್ಚಿ ಬದಲಿಸಿದ್ದೇನೆ.

ಕೆಳಗೆ ಎರಡು ಬೆರಳು ದಪ್ಪ ಊರಿನ ಕೆಂಪು ಮಣ್ಣು ಮತ್ತು ಕೋಕೋಪಿಟ್, ನೆನೆಸಿ, ಹಿಂಡಿ, ಒತ್ತಿ ಹಾಕಿದ್ದು. ಅದರ ಮೇಲೆ ನಾಲ್ಕು ಬೆರಳು ಒಣ ಕೋಕೋಪಿಟ್. ಒಂದು ಮೂಲೆಗೆ ಇಳಿಜಾರು. ಆ ಮೂಲೆಯಲ್ಲಿ ತಳ ಮುಟ್ಟುವ ಹಾಗೆ ಒಂದು ಜ್ಯೂಸ್ ಸ್ಟ್ರಾ. ಬೇಸಿಗೆಯಲ್ಲಿ ತಿಂಗಳಿಗೆ ಒಂದೆರಡು ಸಲ ಅದರೊಳಗೆ ನಾಲ್ಕೈದು ಚಮಚ ನೀರು, ಅದು ನೇರ ತಳಕ್ಕೆ ಹೋಗುತ್ತದೆ. ಮಳೆಗಾಲದಲ್ಲಿ ಒಂದು ಹನಿಯೂ ಇಲ್ಲ. ಕುಡಿಯಲು ಬಾಟಲಿ ಮುಚ್ಚಳದಲ್ಲಿ ನೀರು ಮಾತ್ರ ವರ್ಷವಿಡೀ ಇರುತ್ತದೆ. ಅಡಗಲು ಬೇಯಿಸಿ ಒಣಗಿಸಿದ ಅರ್ಧ ಕರಟ. ಮಣ್ಣಿನಿಂದ ಮುಚ್ಚಳದವರೆಗೆ ಜೇಡದ ಕಾಲಳತೆಯ ಒಂದೂವರೆ ಪಟ್ಟಿಗಿಂತ ಜಾಸ್ತಿ ಜಾಗ ಬಿಡಬೇಡಿ, ಬಿದ್ದರೆ ಹೊಟ್ಟೆ ಒಡೆಯುತ್ತದೆ. ಮಣ್ಣು ಮತ್ತು ಕೋಕೋಪಿಟ್ ಎಷ್ಟಕ್ಕೆಷ್ಟು ಅಂತ ಪುಣೆಯವರೂ ಕೇಳಿದರು. ಅದನ್ನು ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ. ಒಂದು ಸುಳಿವು: ಮುಷ್ಟಿಯಲ್ಲಿ ಹಿಡಿದು ಬಿಟ್ಟರೆ ಉಂಡೆ ಒಡೆಯಬಾರದು, ಬೆರಳಿಗೆ ನೀರೂ ಹತ್ತಬಾರದು. ಗಾರ್ಡನ್ ಅಂಗಡಿಯ ಕೋಕೋಪಿಟ್ ಇಟ್ಟಿಗೆಯಲ್ಲಿ ಗೊಬ್ಬರ ಬೆರೆಸಿಲ್ಲ ಎಂದು ಕೇಳಿಯೇ ತನ್ನಿ. ತಂದ ಮೇಲೆ ಎರಡು ನೀರಿನಲ್ಲಿ ತೊಳೆಯಿರಿ, ಉಪ್ಪು ಇರುತ್ತದೆ.

ಮರಿಗೆ ಇಷ್ಟು ದೊಡ್ಡ ಡಬ್ಬಿ ಬೇಡ. ಹೋಟೆಲಿನವರು ಚಟ್ನಿ ಪಾರ್ಸೆಲ್ ಕೊಡುವ ಸಣ್ಣ ಡಬ್ಬಿ ಸಾಕು. ನಮ್ಮ ಕಡೆಯವರ ಹೋಟೆಲಿನಲ್ಲಿ ಹೊಸದು ಹತ್ತು ಕೇಳಿದರೆ ಸುಮ್ನೆ ಕೊಡುತ್ತಾರೆ. ಯಾಕೆ ಅಂತ ಹೇಳಬೇಡಿ.

ಮಣ್ಣು ಸರಿಯಾಯಿತು, ಗಾಳಿ ಸರಿಯಾಯಿತು. ಆದರೂ ನಡುವೆ ಕರ್ಲಿ ಹೇರ್ ಎಂಬ ಇನ್ನೊಂದು ಜಾತಿಯ ಜೇಡ ಸತ್ತುಹೋಯಿತು. ಮೂರು ಇಂಚಿನದು, ನಾಲ್ಕು ಸಾವಿರ ಕೊಟ್ಟಿದ್ದು. ಸಂಜೆ ಚೆನ್ನಾಗಿತ್ತು, ಬೆಳಿಗ್ಗೆ ಕಾಲು ನಡುಗಿಸುತ್ತ ತೂರಾಡುತ್ತಿತ್ತು. ಎರಡು ದಿನದಲ್ಲಿ ಮುಗಿಯಿತು. ತೇವ, ಬಿಸಿ, ಊಟ ಎಲ್ಲ ಲೆಕ್ಕ ಹಾಕಿದೆ, ಏನೂ ಸಿಗಲಿಲ್ಲ. ಆಮೇಲೆ ಕಣ್ಣು ಗೋಡೆಯ ಪ್ಲಗ್ ಮೇಲೆ ಬಿತ್ತು. ಸೊಳ್ಳೆಗೆ ಹಚ್ಚುವ ಲಿಕ್ವಿಡ್ ಮಷೀನ್, ರಾತ್ರಿಯಿಡೀ, ಡಬ್ಬಿಯಿಂದ ಎರಡು ಮಾರು ದೂರ. ಅದರಲ್ಲಿರುವುದು ಟ್ರಾನ್ಸ್‌ಫ್ಲೂಥ್ರಿನ್, ಪ್ರಾಲೆಥ್ರಿನ್ ಥರದ ಪೈರೆಥ್ರಾಯ್ಡ್. ಸೊಳ್ಳೆಯ ನರಕ್ಕೆ ಏನು ಮಾಡುತ್ತದೋ ಜೇಡದ ನರಕ್ಕೂ ಅದನ್ನೇ ಮಾಡುತ್ತದೆ. ಇರುವೆ ಚಾಕ್, ಜಿರಳೆ ಸ್ಪ್ರೇ, ನಾಯಿಯ ಕೆಲವು ಉಣ್ಣೆ ಔಷಧ ಹೆಚ್ಚಾಗಿ ಇದೇ ಕುಲ. ಚಳಿದೇಶದ ಕೇರ್ ಶೀಟಿನಲ್ಲಿ ಸೊಳ್ಳೆ ಬತ್ತಿಯ ಮಾತು ಎಲ್ಲಿ ಬರಬೇಕು? ನಮ್ಮ ಕಡೆ ಕಾರಣ ಗೊತ್ತಾಗದೆ ಸಾಯುವ ಜೇಡಗಳಲ್ಲಿ ಅರ್ಧ ಈ ಮಷೀನಿನವೇ ಎಂದು ನನ್ನ ಗಟ್ಟಿ ಅಭಿಪ್ರಾಯ.

ಈಗ ಮನೆಯಲ್ಲಿ ಸೊಳ್ಳೆ ಪರದೆ. ಕಿಟಕಿಗೂ ಜಾಲರಿ, ಸುಮಾರು ಐದು ಸಾವಿರ ಆಯಿತು. ಹೆಂಡತಿ ಆ ಖರ್ಚನ್ನು ಜೇಡದ ಲೆಕ್ಕಕ್ಕೆ ಬರೆದಳು, ನಾನು ಡೆಂಗಿಯ ಲೆಕ್ಕಕ್ಕೆ. ಮಳೆಗಾಲದಲ್ಲಿ ಬೀದಿಗೆ ಹೊಗೆ ಹೊಡೆಯುವವರು ಬಂದರೆ ಡಬ್ಬಿಯನ್ನು ಗಟ್ಟಿ ಮುಚ್ಚಳದ ದೊಡ್ಡ ಪೆಟ್ಟಿಗೆಯೊಳಗೆ ಒಂದೆರಡು ಗಂಟೆ ಇಡುತ್ತೇನೆ. ಅಷ್ಟು ಹೊತ್ತಿಗೆ ಏನೂ ಆಗುವುದಿಲ್ಲ, ಇವು ನಿಧಾನದ ಜೀವ. ಸೊಸೈಟಿಯ ಪೆಸ್ಟ್ ಕಂಟ್ರೋಲ್ ದಿನ ಮಾತ್ರ ಡಬ್ಬಿ ನನ್ನ ಜೊತೆ ಆಫೀಸಿಗೆ ಬರುತ್ತದೆ. ಸ್ಲೋ ಲೋಕಲ್‌ನಲ್ಲಿ, ಟಿಫಿನ್ ಚೀಲದಲ್ಲಿ, ಮಡಿಲಲ್ಲಿಟ್ಟುಕೊಂಡು. ಸೀಟು ಸಿಗಲೆಂದು ಬೆಳಗಿನ ಮೊದಲ ಗಾಡಿಗಳಲ್ಲೇ ಹೊರಡುತ್ತೇನೆ.

ಇರುವೆಗೆ ಅಜ್ಜಿ ಕಾಲದ ಉಪಾಯ. ಡಬ್ಬಿಯ ಸ್ಟ್ಯಾಂಡಿನ ಕಾಲು ನೀರಿನ ಬಟ್ಟಲಲ್ಲಿ. ಒಂದು ತೊಟ್ಟು ಪಾತ್ರೆ ಸೋಪು ಹಾಕಿದರೆ ಇರುವೆ ತೇಲಿಕೊಂಡು ದಾಟುವುದಿಲ್ಲ. ವಾರದೊಳಗೆ ನೀರು ಬದಲಿಸಿ, ಇಲ್ಲದಿದ್ದರೆ ಅಲ್ಲೇ ಸೊಳ್ಳೆ ಸಾಕಿದ ಹಾಗೆ.

ಊಟದ ವಿಷಯದಲ್ಲಿ ಅಮ್ಮನದು ಒಂದೇ ಪ್ರಶ್ನೆ: "ಅಡುಗೆಮನೆಯಲ್ಲಿ ಇಷ್ಟು ಜಿರಳೆ ಇರುವಾಗ ದುಡ್ಡು ಕೊಟ್ಟು ತರುವುದೆಂತಕ್ಕೆ ಮಾರಾಯ?" ಅಡುಗೆಮನೆಯದು ಪಕ್ಕದ ಮನೆಯ ಜಿರಳೆ ಮದ್ದಿನ ಜೆಲ್ ತಿಂದು ಬಂದಿರುತ್ತದೆ ಅಮ್ಮಾ ಎಂದರೂ ಒಪ್ಪುವುದಿಲ್ಲ. ಡ್ಯೂಬಿಯಾ ಜಿರಳೆ ಸಾಕಿದ್ದೇನೆ. ಶುರುವಿಗೆ ಐವತ್ತರಷ್ಟು ಮರಿ, ಆರೇಳುನೂರು ರೂಪಾಯಿ. ನುಣುಪು ಗೋಡೆ ಹತ್ತುವುದಿಲ್ಲ, ಮೊಟ್ಟೆಯ ಟ್ರೇ ನಿಲ್ಲಿಸಿದರೆ ಅದೇ ಅವಕ್ಕೆ ಚಾಳ್. ನಮ್ಮ ಊರಿನ ಸೆಖೆ ಇವಕ್ಕೆ ಹೇಳಿ ಮಾಡಿಸಿದ್ದು. ಒಂದು ಟಬ್ಬಿಗೆ ನಾಯಿ ಬಿಸ್ಕತ್ತು, ಇನ್ನೊಂದಕ್ಕೆ ರಾಗಿ ಹಿಟ್ಟು ಮತ್ತು ಸೋರೆಕಾಯಿ ಸಿಪ್ಪೆ ಹಾಕಿ ನೋಡಿದೆ. ರಾಗಿಯವು ನಿಧಾನ ಬೆಳೆದವು, ಆದರೆ ವಾಸನೆ ಕಡಿಮೆ. ವನ್ ಬಿಎಚ್‌ಕೆಯಲ್ಲಿ ವಾಸನೆ ಕಡಿಮೆ ಇರುವುದೇ ಗೆದ್ದಂತೆ. ಬೂಷ್ಟು ತಿನ್ನಲೆಂದು ಸ್ಪ್ರಿಂಗ್‌ಟೇಲ್ ಎಂಬ ಪುಟ್ಟ ಹುಳಗಳನ್ನೂ ಇದ್ದಿಲ ಮೇಲೆ ಬೆಳೆಸಿದೆ. ಆದರೆ ಮೇಲ್ಮಣ್ಣು ಒಣಗಿದ್ದರೆ ಅವಕ್ಕೆ ಕೆಲಸವೇ ಇಲ್ಲ. ಈಗ ಹೂಕುಂಡಕ್ಕೆ ಬಿಟ್ಟಿದ್ದೇನೆ.

ಮರಿಗೆ ವಾರಕ್ಕೆ ಎರಡು ಸಲ, ಕೊಂದ ಹುಳದ ತುಂಡು. ಈಗಿನ ಗಾತ್ರಕ್ಕೆ ಹತ್ತು ಹದಿನೈದು ದಿನಕ್ಕೊಂದು. ತಿನ್ನದೆ ಬಿಟ್ಟದ್ದನ್ನು ಮರುದಿನವೇ ಚಿಮಟದಿಂದ ತೆಗೆಯಿರಿ, ಫೋರಿಡ್ ನೊಣಕ್ಕೆ ಬೇರೆ ಮದ್ದಿಲ್ಲ. ಪೊರೆ ಬಿಡುವ ಮೊದಲು ಇದು ಒಂದೆರಡು ತಿಂಗಳು ಬಾಯಿ ಮುಟ್ಟಿಸುವುದಿಲ್ಲ. ಹೊಟ್ಟೆಯಲ್ಲಿ ರೋಮ ಉದುರಿದ ಬೋಳು ಜಾಗ ಕಪ್ಪಾಗುವುದು ನಿಮಗೆಲ್ಲ ಗೊತ್ತಿರುವ ಗುರುತು. ಅದಕ್ಕೂ ಮುಂಚೆ ಕಾಣುವ ಇನ್ನೊಂದು ಗುರುತು ನನಗೆ ಸಿಕ್ಕಿದೆ, ಮುಂದಿನ ಸಲವೂ ಸರಿಯಾದರೆ ಬರೆಯುತ್ತೇನೆ. ಪೊರೆ ಬಿಟ್ಟ ಮೇಲೆ ಹಲ್ಲು ಬಿಳಿಯಿಂದ ಕೆಂಪಾಗಿ ಕಪ್ಪಾಗುವ ತನಕ ಹುಳ ಹಾಕುವ ಮಾತೇ ಇಲ್ಲ.

ಬಿಟ್ಟ ಪೊರೆಯನ್ನು ಸೋಪಿನ ನೀರಲ್ಲಿ ನೆನೆಸಿ, ಹೊಟ್ಟೆಯ ಭಾಗ ಬಿಡಿಸಿ, ಮಗಳ ಭೂತಗನ್ನಡಿ ಫೋನಿಗೆ ಹಿಡಿದು ನೋಡಿದೆ. ಮೇಲಿನ ಎರಡು ಪುಸ್ತಕ ಶ್ವಾಸಕೋಶಗಳ (ಪುಟಗಳ ಹಾಗೆ ಪದರವಿರುವ ಉಸಿರಾಟದ ಅಂಗ) ನಡುವೆ, ಹೆಣ್ಣಿಗೆ ಮಾತ್ರ ಇರುವ ವೀರ್ಯಚೀಲದ ಮಡಿಕೆ ಸ್ಪಷ್ಟ ಇತ್ತು. ಹೆಣ್ಣು! ಅಂದರೆ ಇಪ್ಪತ್ತು ವರ್ಷ ಮೀರಿ ಬಾಳಬಹುದು. ಗಂಡಾಗಿದ್ದರೆ ಪ್ರಾಯಕ್ಕೆ ಬಂದು ಒಂದೆರಡು ವರ್ಷದಲ್ಲಿ ಕಥೆ ಮುಗಿಯುತ್ತಿತ್ತು. ಪುಣೆಗೆ ಮೊದಲು ಹೋದ ಫೋಟೋ ಇದೇ.

ಕಾಗದ ಪತ್ರದ ಮಾತು. ರೆಡ್ ನೀ ಸೇರಿರುವ ಬ್ರಾಕಿಪೆಲ್ಮಾ ಕುಲ ಪೂರ್ತಿ ಸೈಟಿಸ್‌ನ, ಅಂದರೆ ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದದ, ಎರಡನೇ ಅನುಬಂಧದಲ್ಲಿದೆ. ವನ್ಯಜೀವಿ ಕಾಯ್ದೆಗೆ 2022ರಲ್ಲಿ ತಿದ್ದುಪಡಿ ಬಂದ ಮೇಲೆ ಇಂಥವನ್ನು ಇಟ್ಟುಕೊಂಡವರು ವರದಿ ಮಾಡಿ ನೋಂದಾಯಿಸಬೇಕು. 2024ರಲ್ಲಿ ನಿಯಮ ಬಂತು, ಸರ್ಕಾರದ ಪರಿವೇಶ್ ಪೋರ್ಟಲ್‌ನಲ್ಲಿ ಅರ್ಜಿ. ಕೈ ಬದಲಾದರೆ, ಮರಿ ಹಾಕಿದರೆ, ಸತ್ತರೂ ತಿಳಿಸಬೇಕು. ಕಾಗದ ಕೊಡದ ಮಾರಾಟಗಾರ ಐನೂರು ರೂಪಾಯಿ ಕಡಿಮೆ ಹೇಳಿದರೂ ಬೇಡ.

ಒಟ್ಟು ಲೆಕ್ಕ ಹಾಕಿದರೆ ಹಾಳಾದದ್ದು ಹದಿಮೂರು ಹದಿನಾಲ್ಕು ಸಾವಿರ ಇರಬಹುದು, ಕಿಟಕಿ ಜಾಲರಿ ಬಿಟ್ಟು. ಈಗ ಉಳಿದಿರುವ ಡಬ್ಬಿ, ಮಣ್ಣು, ಕರಟ, ಸ್ಟ್ರಾ ಎಲ್ಲ ಸೇರಿ ಮುನ್ನೂರು ದಾಟುವುದಿಲ್ಲ. ಡ್ಯೂಬಿಯಾ ಮಾತ್ರ ಮನೆ ತುಂಬುವಷ್ಟಾಗಿವೆ. ಬೇಕಾದವರು ಭಾನುವಾರ ಡೊಂಬಿವಲಿ ಸ್ಟೇಷನ್ನಿಗೆ ಬಂದು ಒಯ್ಯಬಹುದು, ನೂರು ಜಿರಳೆಗೆ ಇನ್ನೂರೈವತ್ತು ರೂಪಾಯಿ. ಡಬ್ಬಿ ನೀವೇ ತನ್ನಿ, ಗಟ್ಟಿ ಮುಚ್ಚಳದ್ದು.