ಲೋ ಬಾಕ್ ಗೋ: ಮೂಲಂಗಿ ಬಿಟ್ಟ ನೀರನ್ನು ಚೆಲ್ಲಬೇಡಿ

ಹಾಂಗ್‌ಕಾಂಗ್, ಗ್ವಾಂಗ್‌ಡಾಂಗ್ ಕಡೆ ಚಾಂದ್ರಮಾನ ಹೊಸವರ್ಷಕ್ಕೆ ಮಾಡುವ, ಮೂಲಂಗಿ ಮತ್ತು ಅಕ್ಕಿ ಹಿಟ್ಟನ್ನು ಹಬೆಯಲ್ಲಿ ಬೇಯಿಸಿದ ಕೇಕ್ ಆದ ಲೋ ಬಾಕ್ ಗೋದಲ್ಲಿ ಪೋಷಕಾಂಶದ ಲೆಕ್ಕ ನಿಂತಿರುವುದು ಮೂಲಂಗಿಗೆ ಎಷ್ಟು ಹಿಟ್ಟು ಎಂಬುದರ ಮೇಲೆ. 100 ಗ್ರಾಂ ಬಿಳಿ ಮೂಲಂಗಿಯಲ್ಲಿ ಸುಮಾರು 18 ಕ್ಯಾಲರಿ. ಅಷ್ಟೇ ಅಕ್ಕಿ ಹಿಟ್ಟಿನಲ್ಲಿ 360ಕ್ಕೂ ಹೆಚ್ಚು. ಹಿಟ್ಟು ಜಾಸ್ತಿಯಾದರೆ ಹೋಳು ಚೆಂದ ಬರುತ್ತದೆ, ಆದರೆ ತಿನ್ನುವುದು ಬರೀ ಪಿಷ್ಟ.

ನನ್ನ ಅಳತೆ: ಮೂಲಂಗಿ 1 ಕೆಜಿ, ನುಣ್ಣನೆ ಅಕ್ಕಿ ಹಿಟ್ಟು 200 ಗ್ರಾಂ, ಕಾರ್ನ್‌ಫ್ಲೋರ್ 25 ಗ್ರಾಂ, ಲಾಪ್ ಚಿಯಾಂಗ್ (ಒಣಗಿಸಿದ ಚೀನೀ ಹಂದಿಮಾಂಸದ) ಸಾಸೇಜ್ 80, ಒಣ ಸೀಗಡಿ 25, ಒಣ ಶಿಟಾಕೆ ಅಣಬೆ 20 ಗ್ರಾಂ. ಜಿಗುಟು ಅಕ್ಕಿಯ ಹಿಟ್ಟು ಬೇಡ, ಎಷ್ಟು ಬೇಯಿಸಿದರೂ ಅಂಟಂಟಾಗಿಯೇ ಉಳಿಯುತ್ತದೆ.

ಸೀಗಡಿ, ಅಣಬೆ ನೆನೆಸಿ ಹೆಚ್ಚಿ, ಸಾಸೇಜ್ ಜೊತೆ ಒಂದೇ ಟೀ ಚಮಚ ಎಣ್ಣೆಯಲ್ಲಿ ಹುರಿಯಿರಿ. ಸಾಸೇಜೇ ಕೊಬ್ಬು ಬಿಡುತ್ತದೆ. ಉಪ್ಪು ಅರ್ಧ ಟೀ ಚಮಚ ಸಾಕು, ಸಾಸೇಜ್, ಸೀಗಡಿ ಎರಡರಲ್ಲೂ ಉಪ್ಪಿದೆ.

ತುರಿದ ಮೂಲಂಗಿಯನ್ನು ಮುಚ್ಚಿ 10 ನಿಮಿಷ ಬಾಡಿಸಿದರೆ ನೀರು ಬಿಡುತ್ತದೆ. ಪೊಟ್ಯಾಸಿಯಂ ಇಳಿಯುವುದು ಈ ನೀರಿಗೇ. ಇದನ್ನು ಸೋಸಿ, ಅಣಬೆ ನೆನೆಸಿದ ನೀರು ಸೇರಿಸಿ 300 ಮಿಲಿ ಮಾಡಿ, ಪೂರ್ತಿ ಆರಿದ ಮೇಲೆ ಹಿಟ್ಟು ಕಲಸಿ. ಬಿಸಿಯಲ್ಲೇ ಕಲಸಿದರೆ ಗಂಟಾಗುತ್ತದೆ. ನೀರನ್ನು ಅಳೆಯದೆ ಸುರಿದರೆ ನಡುವೆ ಹಸಿಹಸಿಯಾಗಿ ಕುಸಿಯುತ್ತದೆ. ರಸಭರಿತ ಮೂಲಂಗಿಯಲ್ಲಿ ಈ ತಪ್ಪು ಹೆಚ್ಚು.

ಮೂಲಂಗಿಯನ್ನು ಮತ್ತೆ ಬಿಸಿ ಮಾಡಿ, ಉರಿ ಆರಿಸಿ, ಕಲಸಿದ ಹಿಟ್ಟು ಹೊಯ್ದು ಹುರಿದದ್ದನ್ನೂ ಬೆರೆಸಿ ತಿರುವಿ. ಸೌಟಿನಿಂದ ಜಾರದೆ ಮುದ್ದೆಯಾಗಿ ಬೀಳಬೇಕು. ಎಣ್ಣೆ ಸವರಿದ ತಟ್ಟೆಯಲ್ಲಿ 60 ನಿಮಿಷ ಹಬೆಯಲ್ಲಿ ಬೇಯಿಸಿ, ರಾತ್ರಿಯಿಡೀ ಫ್ರಿಜ್ಜಿನಲ್ಲಿಡಿ. ಪಿಷ್ಟ ಬಿಗಿಯುವುದು ತಣ್ಣಗಾದಾಗ. ಬಿಸಿಯಲ್ಲಿ ಕತ್ತರಿಸಿದರೆ ಚಾಕುವಿಗೇ ಮೆತ್ತಿಕೊಳ್ಳುತ್ತದೆ.

16 ಹೋಳು ಮಾಡಿದರೆ ಒಂದರಲ್ಲಿ ಅಂದಾಜು 100 ಕ್ಯಾಲರಿ, 15 ಗ್ರಾಂ ಕಾರ್ಬೋಹೈಡ್ರೇಟ್, 3 ಗ್ರಾಂ ಪ್ರೋಟೀನ್. ಒಂದು ಹೋಳನ್ನು ಅರ್ಧ ಟೀ ಚಮಚ ಎಣ್ಣೆಯಲ್ಲಿ ಕೆಂಪಗೆ ಕಾಯಿಸಿದರೆ ಇನ್ನೊಂದು 20 ಕ್ಯಾಲರಿ. ಮೂರು ಹೋಳು ಎಂದರೆ ಒಂದು ಬಟ್ಟಲು ಅನ್ನದಷ್ಟು ಕಾರ್ಬೋಹೈಡ್ರೇಟ್. ಸಕ್ಕರೆ ಕಾಯಿಲೆಯವರು ಜೊತೆಗೆ ಅನ್ನ ಹಾಕಿಕೊಳ್ಳಬಾರದು.

ಹಸಿ ಮೂಲಂಗಿಯ ವಿಟಮಿನ್ ಸಿ ಇಷ್ಟು ಹೊತ್ತಿನ ಬಿಸಿಗೆ ಬಹುಪಾಲು ಹೋಗುತ್ತದೆ, ಪಿಷ್ಟ ಕರಗಿಸುವ ಕಿಣ್ವವೂ ಉಳಿಯುವುದಿಲ್ಲ. ಮೂಲಂಗಿ ಇದೆಯಲ್ಲ, ಜೀರ್ಣಕ್ಕೆ ಒಳ್ಳೆಯದು ಎಂಬ ಮಾತು ಇಲ್ಲಿ ನಡೆಯದು. ಸಾಸೇಜ್ ಹಾಕದಿದ್ದರೆ ಒಂದು ಹೋಳಿನಲ್ಲಿ ಸುಮಾರು 24 ಕ್ಯಾಲರಿ ಇಳಿಯುತ್ತದೆ. ಆಗ ಅಣಬೆ 30 ಗ್ರಾಂ ಹಾಕಿ, ಇಲ್ಲದಿದ್ದರೆ ರುಚಿ ಸಪ್ಪೆ.